ಗೂಗಲ್ ಬಿಸಿನೆಸ್ ಪ್ರೊಫೈಲ್: ತುಮಕೂರಿನ ಹೋಮ್ ಕೇರ್ ಏಜೆನ್ಸಿಗೆ ಎಷ್ಟು ದಕ್ಕುತ್ತದೆ, ಎಲ್ಲಿ ಕೈಕೊಡುತ್ತದೆ

ಮನೆಗೆ ನರ್ಸ್, ಆಯಾ, ಫಿಸಿಯೋಥೆರಪಿಸ್ಟ್ ಕಳಿಸುವ ಏಜೆನ್ಸಿಯವರು ವೆಬ್‌ಸೈಟ್‌ಗೆ ಜನ ಬರುತ್ತಿಲ್ಲ ಅನ್ನಿಸಿದ ಕೂಡಲೇ ಡಿಸೈನ್ ಬದಲಾಯಿಸಲು ಹೊರಡುತ್ತಾರೆ. ಬಣ್ಣ ಬದಲಾಗುತ್ತದೆ, ಮುಖಪುಟಕ್ಕೆ ನಗುತ್ತಿರುವ ವಿದೇಶಿ ಅಜ್ಜಿಯೊಬ್ಬರು ಬಂದು ಕೂರುತ್ತಾರೆ, ಫೋನ್ ಮಾತ್ರ ಮೊದಲಿನಂತೆಯೇ ಸುಮ್ಮನಿರುತ್ತದೆ. ತುಮಕೂರಿನಂಥ ಊರಿನಲ್ಲಿ ಹುಡುಕುವವರ ಕಣ್ಣು ಮೊದಲು ಬೀಳುವುದು ಗೂಗಲ್ ನಕ್ಷೆಯ ಜೊತೆ ಬರುವ ಮೂರು ಹೆಸರುಗಳ ಮೇಲೆ. ಸೈಟ್ ತೆರೆಯುವುದು ಆಮೇಲಿನ ಮಾತು. ಆ ಮೂರರಲ್ಲಿ ಒಂದಾಗಲು ಬೇಕಾದ ಸಾಧನವೇ ನಿಮ್ಮ ಹೆಸರು, ವಿಳಾಸ, ಫೋನ್, ರಿವ್ಯೂಗಳನ್ನು ಗೂಗಲ್‌ನಲ್ಲಿ ತೋರಿಸುವ ಬಿಸಿನೆಸ್ ಪ್ರೊಫೈಲ್. 2021ರ ನವೆಂಬರ್‌ವರೆಗೆ ಇದರ ಹೆಸರು ಗೂಗಲ್ ಮೈ ಬಿಸಿನೆಸ್ ಎಂದಿತ್ತು. ಈಗ ಅದಕ್ಕೆ ಬೇರೆ ಆ್ಯಪ್ ಇಲ್ಲ; ಗೂಗಲ್ ಹುಡುಕಾಟ ಮತ್ತು ಮ್ಯಾಪ್ಸ್ ಒಳಗಿನಿಂದಲೇ ನೋಡಿಕೊಳ್ಳಬೇಕು.

ಕಾಸಿಗೆ ತಕ್ಕ ಕಜ್ಜಾಯ ಎನ್ನೋಣವೆಂದರೆ ಇಲ್ಲಿ ಕಾಸೇ ಇಲ್ಲ, ಪೂರ್ತಿ ಉಚಿತ. ಹೀಗಾಗಿ "ಗೂಗಲ್‌ನಿಂದ ಮಾತಾಡ್ತಿದೀವಿ, ನಿಮ್ಮ ಲಿಸ್ಟಿಂಗ್ ರಿನ್ಯೂ ಮಾಡಿಸಬೇಕು" ಎಂಬ ಕರೆ ಬಂದರೆ ಸುಮ್ಮನೆ ಕಟ್ ಮಾಡಬಹುದು. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ ಕಂಪನಿಯೇ ಬರೆದುಕೊಂಡಿದೆ.

ಶುರುವಿನಲ್ಲೇ ಎಡವುವುದು ವಿಳಾಸದಲ್ಲಿ. ಬಿ.ಎಚ್. ರಸ್ತೆಯಲ್ಲಿ ಬೋರ್ಡ್ ಹಾಕಿದ ಕಚೇರಿಯಿದ್ದು, ಕೆಲಸದ ವೇಳೆಯಲ್ಲಿ ಅಲ್ಲಿ ಸಿಬ್ಬಂದಿ ಕೂತಿರುತ್ತಾರೆ ಎಂದಾದರೆ ವಿಳಾಸ ತೋರಿಸಿ. ಬಟವಾಡಿಯಲ್ಲೋ ಜಯನಗರದಲ್ಲೋ ಮನೆಯ ಒಂದು ಕೋಣೆಯಿಂದ ನಡೆಸುತ್ತಿದ್ದರೆ ವಿಳಾಸ ಮರೆಮಾಡಿ, 'ಸೇವಾ ಪ್ರದೇಶ' ಮಾತ್ರ ಕೊಡಬೇಕು. ಇಂಥ ಪ್ರದೇಶಗಳನ್ನು 20ರವರೆಗೆ ಸೇರಿಸಬಹುದು, ಜಿಲ್ಲೆಯ ಹತ್ತೂ ತಾಲ್ಲೂಕು ಹಿಡಿದರೂ ಜಾಗ ಮಿಗುತ್ತದೆ. ಆದರೆ ಸುಮಾರು ಎರಡು ಗಂಟೆಯ ಪ್ರಯಾಣ ಮೀರಬಾರದು ಎಂಬ ನಿಯಮವಿದೆ. ಗುಬ್ಬಿ, ಕುಣಿಗಲ್, ಕೊರಟಗೆರೆ, ಶಿರಾ ಸಲೀಸು. ಪಾವಗಡ ಅನುಮಾನದ್ದು. ನಿಯಮದ ಮಾತು ಹಾಗಿರಲಿ, ರಾತ್ರಿ ಹತ್ತಕ್ಕೆ ಬದಲಿ ಆಯಾ ಬೇಕೆಂದು ಪಾವಗಡದಿಂದ ಫೋನ್ ಬಂದರೆ ಕಳಿಸಲು ಆಗುತ್ತದೆಯೇ? ಆಗದಿದ್ದರೆ ಸೇರಿಸಬೇಡಿ. ಪಟ್ಟಿಗೆ ತಿಪಟೂರು ಹಾಕಿದ ಮಾತ್ರಕ್ಕೆ ತಿಪಟೂರಿನವರಿಗೆ ನೀವು ಮೇಲೆ ಕಾಣುವುದೂ ಇಲ್ಲ. ಗೂಗಲ್ ತೂಗುವುದು ಮೂರನ್ನು: ಹುಡುಕಿದ್ದಕ್ಕೂ ನಿಮಗೂ ಎಷ್ಟು ಹೊಂದಿಕೆ, ಎಷ್ಟು ದೂರ, ಎಷ್ಟು ಹೆಸರುವಾಸಿ. ದೂರವನ್ನು ನೀವು ಬದಲಾಯಿಸಲಾರಿರಿ. ಬೆಂಗಳೂರಿನಲ್ಲಿ ಬಾಡಿಗೆಯ ವರ್ಚುವಲ್ ಆಫೀಸ್ (ಹೆಸರಿಗಷ್ಟೇ ಇರುವ ಕಚೇರಿ) ವಿಳಾಸ ಹಾಕಿ ಅಲ್ಲಿಯೂ ಕಾಣಿಸಿಕೊಳ್ಳಲು ಹೋದರೆ ಪ್ರೊಫೈಲೇ ಅಮಾನತಾಗಬಹುದು. ಬೆಂಗಳೂರಿನಲ್ಲಿ ಕೂತ ಮಗ "ತುಮಕೂರಿನಲ್ಲಿ ಹೋಮ್ ನರ್ಸ್" ಎಂದು ಊರಿನ ಹೆಸರು ಸೇರಿಸಿಯೇ ಹುಡುಕುತ್ತಾನೆ. ಅವನಿಗೆ ಸಿಗಲು ತುಮಕೂರಿನ ವಿಳಾಸವೇ ಸಾಕು.

ಹೆಸರಿನ ವಿಷಯದಲ್ಲಿ ಆಸೆ ಬೇಡ. ಬೋರ್ಡ್ ಮೇಲೆ, ಬಿಲ್ ಮೇಲೆ ಏನಿದೆಯೋ ಅಷ್ಟೇ. ಹೆಸರಿಗೆ 'ಬೆಸ್ಟ್ ಹೋಮ್ ನರ್ಸಿಂಗ್ ತುಮಕೂರು' ಎಂದು ಬಾಲ ಅಂಟಿಸಿದವರು ಕೆಲವು ತಿಂಗಳು ಮೇಲೆ ಕಂಡರೂ, ಒಂದು ದೂರು ಹೋದರೆ ಹೆಸರು ತಿದ್ದುಪಡಿಯಾಗುತ್ತದೆ ಅಥವಾ ಪ್ರೊಫೈಲ್ ಮಾಯವಾಗುತ್ತದೆ. ಹೇಳಬೇಕಾದದ್ದನ್ನು ವರ್ಗದಲ್ಲಿ ಹೇಳಿ. ಮುಖ್ಯ ವರ್ಗ ಒಂದು, ಹೆಚ್ಚುವರಿ ಒಂಬತ್ತು. ಮುಖ್ಯ ವರ್ಗವಾಗಿ 'ಹೋಮ್ ಹೆಲ್ತ್ ಕೇರ್ ಸರ್ವಿಸ್' ಇಟ್ಟು, ನಿಜವಾಗಿ ಕೊಡುವ ಸೇವೆಯಿದ್ದರೆ ಮಾತ್ರ ನರ್ಸಿಂಗ್ ಏಜೆನ್ಸಿ, ಫಿಸಿಯೋಥೆರಪಿ ವರ್ಗಗಳನ್ನು ಸೇರಿಸುವುದು ಸರಿ. ಆಸ್ಪತ್ರೆ ಎಂಬ ವರ್ಗ ಹಾಕಿದವರಿಗೆ ಒಪಿಡಿ ಸಮಯ ಕೇಳುವ ಕರೆಗಳು ತಪ್ಪುವುದಿಲ್ಲ. ವಿವರಣೆಗೆ 750 ಅಕ್ಷರ ಸಿಗುತ್ತದೆ. ಅದರಲ್ಲಿ ಫೋನ್ ನಂಬರ್, ಲಿಂಕ್ ತುರುಕಬಾರದು.

ಪ್ರೊಫೈಲ್ ನಿಮ್ಮದೇ ಎಂಬುದರ ದೃಢೀಕರಣ ಈಗ ಹೆಚ್ಚಾಗಿ ವಿಡಿಯೋ ಮೂಲಕ, ಇದು ತಲೆನೋವಿನ ಕೆಲಸ. ಎಡಿಟ್ ಮಾಡದ, ಒಂದೇ ಓಟದ ಚಿತ್ರೀಕರಣ ಬೇಕು: ರಸ್ತೆ ಮತ್ತು ಅಕ್ಕಪಕ್ಕದ ಅಂಗಡಿ ಬೋರ್ಡ್, ನಿಮ್ಮ ಬೋರ್ಡ್ ಅಥವಾ ಕೆಲಸದ ಸಾಮಾನು (ಬಿಪಿ ಉಪಕರಣ, ವೀಲ್‌ಚೇರ್, ಸಿಬ್ಬಂದಿಯ ಸಮವಸ್ತ್ರ), ಕೊನೆಗೆ ನೀವೇ ನಡೆಸುವವರು ಎಂಬುದಕ್ಕೆ ಸಾಕ್ಷಿ: ಬೀಗ ತೆಗೆಯುವುದು, ನೋಂದಣಿ ಪತ್ರ ತೋರಿಸುವುದು. ರೋಗಿಗಳ ಫೈಲ್, ಬ್ಯಾಂಕ್ ಪಾಸ್‌ಬುಕ್ ಚಿತ್ರಕ್ಕೆ ಬೀಳದಿರಲಿ. ತಿರಸ್ಕಾರವಾದರೆ ಕಾರಣ ಸ್ಪಷ್ಟವಾಗಿ ಹೇಳುವುದಿಲ್ಲ. ಈ ಸಾಧನದ ದೊಡ್ಡ ಕೊರತೆಯೇ ಇದು, ಮಾತಾಡಲು ಮನುಷ್ಯರು ಸಿಗುವುದು ಕಷ್ಟ.

ಇನ್ನೊಂದು ಕೊರತೆ, ಇದ್ದದ್ದನ್ನು ಕಿತ್ತುಕೊಳ್ಳುವ ಚಾಳಿ. ಪ್ರೊಫೈಲ್ ಒಳಗೇ ಮಾಡಿಕೊಳ್ಳಬಹುದಾಗಿದ್ದ ಪುಕ್ಕಟೆ ವೆಬ್‌ಸೈಟ್‌ಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿದರು. ಚಾಟ್ ಮತ್ತು ಕರೆಗಳ ದಾಖಲೆ ಅದೇ ವರ್ಷ ಜುಲೈನಲ್ಲಿ ಹೋದವು. ವಿಸಿಟಿಂಗ್ ಕಾರ್ಡ್ ಮೇಲೆ ಆ ಹಳೆಯ ಪುಕ್ಕಟೆ ವಿಳಾಸ ಇನ್ನೂ ಅಚ್ಚಾಗಿದ್ದರೆ ಅದು ಸತ್ತ ಕೊಂಡಿ. ಸ್ವಂತ ಡೊಮೈನ್ ಏಕೆ ಬೇಕು ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಜೊತೆಗೆ ದಾರಿಹೋಕರೂ 'ತಿದ್ದುಪಡಿ ಸೂಚಿಸಿ' ಒತ್ತಿ ನಿಮ್ಮ ವೇಳೆ, ಫೋನ್ ನಂಬರ್ ಬದಲಾಯಿಸಲು ಸೂಚಿಸಬಹುದು, ಕೆಲವೊಮ್ಮೆ ಅದು ಜಾರಿಯೂ ಆಗಿಬಿಡುತ್ತದೆ. ವಾರಕ್ಕೊಮ್ಮೆ ನೋಡದಿದ್ದರೆ ಕರೆಗಳು ಏಕೆ ನಿಂತವು ಎಂದು ತಿಳಿಯುವುದೇ ಇಲ್ಲ.

ರಿವ್ಯೂಗೆ ದುಡ್ಡು, ರಿಯಾಯಿತಿ ಕೊಡುವಂತಿಲ್ಲ. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದೂ ನಿಯಮಕ್ಕೆ ವಿರುದ್ಧ. ಡ್ಯೂಟಿ ಮುಗಿದ ದಿನ ಎಲ್ಲ ಮನೆಯವರಿಗೂ ಒಂದೇ ವಾಟ್ಸ್ಆ್ಯಪ್ ಸಂದೇಶದಲ್ಲಿ ಲಿಂಕ್ ಕಳಿಸುವುದು ಒಳ್ಳೆಯ ರೂಢಿ. ಉತ್ತರ ಬರೆಯುವಾಗ ಜೋಪಾನ. "ನಿಮ್ಮ ತಂದೆಯವರ ಕ್ಯಾಥೆಟರ್ ಆರೈಕೆ ಮಾಡಿದ್ದು ಸಂತೋಷ" ಎಂದು ಬರೆದರೆ ಒಬ್ಬರ ಕಾಯಿಲೆಯನ್ನು ಬೀದಿಗಿಟ್ಟಂತೆ. ವಂದನೆ ಹೇಳಿ ನಿಲ್ಲಿಸಿ. ದೂರು ಇದ್ದರೆ ಕ್ಷಮೆ ಕೇಳಿ, ಮಾತಾಡಬೇಕಾದ ನಂಬರ್ ಕೊಟ್ಟರೆ ಸಾಕು.

ಇನ್ನು ಪ್ರೊಫೈಲ್‌ನಿಂದ 'ವೆಬ್‌ಸೈಟ್' ಒತ್ತಿ ಒಳಗೆ ಬಂದವರ ಕಥೆ. ಇಲ್ಲಿ ಕನ್ನಡದ ಸೈಟ್‌ಗಳಿಗೇ ಅಂಟಿದ ಕೆಲವು ರೋಗಗಳಿವೆ, ಇಂಗ್ಲಿಷ್ ಸಲಹೆಗಳಲ್ಲಿ ಅವುಗಳ ಸುಳಿವೂ ಸಿಗುವುದಿಲ್ಲ. ಮೊದಲನೆಯದು ಅಕ್ಷರ. ಕರಪತ್ರ ಮಾಡಿಸಿದ ಪ್ರಿಂಟಿಂಗ್ ಪ್ರೆಸ್‌ನಿಂದ ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟ್‌ನ ಪಠ್ಯ ತಂದು ಸೈಟ್‌ಗೆ ಅಂಟಿಸಿದರೆ, ಆ ಫಾಂಟ್ ಇಲ್ಲದ ಫೋನ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಗೂಗಲ್‌ಗೂ ಅದು ಕನ್ನಡವಲ್ಲ. ಎಲ್ಲ ಫೋನ್‌ಗಳೂ ಓದಬಲ್ಲ ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಒಮ್ಮೆ ಕಣ್ಣಾರೆ ಓದಿ. ಅರ್ಕಾವತ್ತು ಮತ್ತು ಒತ್ತಕ್ಷರ ಪರಿವರ್ತನೆಯಲ್ಲಿ ಜಾಗ ತಪ್ಪುವುದುಂಟು. ಇದಕ್ಕಿಂತ ಸುಲಭದ ತಪ್ಪೆಂದರೆ ಕರಪತ್ರವನ್ನೇ ಚಿತ್ರವಾಗಿ ಏರಿಸುವುದು. ಅದರೊಳಗಿನ ಸೇವೆಗಳ ಪಟ್ಟಿಯನ್ನು ಹುಡುಕಾಟ ನೆಚ್ಚುವುದಿಲ್ಲ, ಮುದುಕರು ಹಿಗ್ಗಿಸಿ ಓದಲೂ ಆಗುವುದಿಲ್ಲ.

ಎರಡನೆಯದು ಸಾಲಿನ ಎತ್ತರ. ಇಂಗ್ಲಿಷ್‌ಗೆಂದು ಮಾಡಿದ ಥೀಮ್‌ನಲ್ಲಿ ಕನ್ನಡ ಸುರಿದರೆ ಬಟನ್ ಒಳಗಿನ 'ಶುಶ್ರೂಷೆ'ಯಂಥ ಪದಗಳ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ. ಸಾಲಿನ ಎತ್ತರ 1.6ಕ್ಕೆ ಏರಿಸಿ, ಬಟನ್‌ಗೆ ಕಟ್ಟುನಿಟ್ಟಿನ ಎತ್ತರ ಕೊಟ್ಟಿದ್ದರೆ ತೆಗೆದುಹಾಕಿ, ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆಗೆ ತನ್ನಿ. ನೋಟೊ ಸಾನ್ಸ್ ಕನ್ನಡ ಫಾಂಟ್ ಸಾಕು, ಅಕ್ಷರದ ದಪ್ಪದಲ್ಲಿ ಎರಡು ಬಗೆಗಿಂತ ಹೆಚ್ಚು ಬೇಡ.

ಮೂರನೆಯದು ಪುಟದ ವಿಳಾಸ. ಕನ್ನಡದಲ್ಲೇ ವಿಳಾಸವಿಟ್ಟರೆ ತಪ್ಪೇನಿಲ್ಲ, ಆದರೆ ಅದನ್ನು ನಕಲಿಸಿ ವಾಟ್ಸ್ಆ್ಯಪ್‌ಗೆ ಹಾಕಿದಾಗ ಒಂದೊಂದು ಕನ್ನಡ ಚಿಹ್ನೆಯೂ ಒಂಬತ್ತು ಅಕ್ಷರಗಳ ಶೇಕಡಾ ಗುರುತಿನ ಸಾಲಾಗಿ ಹಿಗ್ಗಬಹುದು. ನೋಡಿದವರು ವೈರಸ್ ಲಿಂಕ್ ಎಂದುಕೊಂಡು ಬಿಡುತ್ತಾರೆ. ವಿಳಾಸ ಇಂಗ್ಲಿಷ್ ಲಿಪಿಯಲ್ಲಿ ಚಿಕ್ಕದಾಗಿರಲಿ, ಪುಟದ ಶೀರ್ಷಿಕೆ ಮತ್ತು ಪಠ್ಯ ಕನ್ನಡದಲ್ಲಿರಲಿ.

ಊರಿನ ಹೆಸರಿಗೂ ಎರಡು ಮುಖ. 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲೂ ಅಧಿಕೃತವಾಗಿ ತುಮಕೂರು. ಆದರೂ ಟೈಪ್ ಮಾಡುವ ಬೆರಳಿಗೆ ಇಂದಿಗೂ 'ತುಮ್ಕೂರ್' ಸಲೀಸು. ಇಂಗ್ಲಿಷ್ ಪುಟದ ಶೀರ್ಷಿಕೆಯಲ್ಲಿ ಒಂದು ರೂಪ, ಮೊದಲ ಪ್ಯಾರಾದಲ್ಲಿ ಇನ್ನೊಂದು ಬರುವಂತೆ ಬರೆದರೆ ಸಾಕು. ಸಾಲುಸಾಲಿಗೂ ಎರಡನ್ನೂ ತುರುಕಿದರೆ ಓದಲು ಅಸಹ್ಯ. ಫೋನ್ ನಂಬರ್ ಮಾತ್ರ ಎಲ್ಲ ಕಡೆ ಒಂದೇ ಇರಲಿ. ಪ್ರೊಫೈಲ್‌ನಲ್ಲಿ ಮೊಬೈಲ್, ಸೈಟ್‌ನಲ್ಲಿ 0816ರ ಲ್ಯಾಂಡ್‌ಲೈನ್, ಫೇಸ್‌ಬುಕ್‌ನಲ್ಲಿ ಬಿಟ್ಟುಹೋದ ಮ್ಯಾನೇಜರ್ ನಂಬರ್ ಎಂಬಂತಾದರೆ ಗೂಗಲ್‌ಗೂ ಗೊಂದಲ, ಗಾಬರಿಯಲ್ಲಿರುವ ಮನೆಯವರಿಗೂ ಗೊಂದಲ. ನಂಬರ್ ಒತ್ತಿದರೆ ಕರೆ ಹೋಗುವಂತಿರಬೇಕು. ವಾಟ್ಸ್ಆ್ಯಪ್ ಲಿಂಕ್‌ನಲ್ಲಿ 91 ಸೇರಿ 12 ಅಂಕಿ; ಪ್ಲಸ್ ಚಿಹ್ನೆ, ಮುಂದಿನ ಸೊನ್ನೆ, ನಡುವಿನ ಗೆರೆ ಯಾವುದೂ ಬೇಡ. ಸೊನ್ನೆ ಸೇರಿಸಿ ಕೆಡಿಸಿದ ಲಿಂಕ್ ಬಹಳ ಸಾಮಾನ್ಯ.

ವೇಗಕ್ಕೆ ಗೂಗಲ್‌ನದೇ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಇದೆ. ಮೊಬೈಲ್ ವಿಭಾಗವನ್ನೇ ನೋಡಿ, 100ರಲ್ಲಿ ಎಷ್ಟು ಅಂಕ ಎಂದು ಕೊರಗಬೇಡಿ. ಪುಟದ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಓದುವಾಗ ಪುಟ ಜಿಗಿಯುವ ಅಳತೆ 0.1 ದಾಟಬಾರದು. ಸಣ್ಣ ಸೈಟ್‌ಗೆ ನಿಜ ಬಳಕೆದಾರರ ಅಂಕಿ ತೋರಿಸುವಷ್ಟು ಜನವೇ ಬಂದಿರುವುದಿಲ್ಲ, ಹೀಗಾಗಿ ಅಲ್ಲಿ ಕಾಣುವುದು ಪ್ರಯೋಗದ ಅಳತೆ ಮಾತ್ರ. ನಿಧಾನಕ್ಕೆ ಕಾರಣ ಸಾಮಾನ್ಯವಾಗಿ ಕ್ಯಾಮೆರಾದಿಂದ ಹಾಗೇ ಏರಿಸಿದ ನಾಲ್ಕೈದು ಎಂಬಿಯ ಫೋಟೋ ಮತ್ತು ತಾನೇ ಓಡುವ ಸ್ಲೈಡರ್. ಸ್ಲೈಡರ್ ಕಿತ್ತು, ಫೋಟೋವನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ರೂಪದಲ್ಲಿ ಹಾಕಿದರೆ ಅರ್ಧ ಕೆಲಸ ಮುಗಿಯಿತು.

ಒಳಗೆ ಏನು ಬರೆಯಬೇಕು ಎಂಬುದೇ ನಿಜವಾದ ಬಂಡವಾಳ. 'ಪ್ರೀತಿಯಿಂದ ಆರೈಕೆ' ಎಂಬ ಸಾಲನ್ನು ಯಾರೂ ಹುಡುಕುವುದಿಲ್ಲ. ಹುಡುಕುವುದು ದರ, ಮತ್ತು ಬರುವವರು ಯಾರು ಎಂಬುದನ್ನು. 12 ಗಂಟೆಯ ಡ್ಯೂಟಿಗೆ, ಮನೆಯಲ್ಲೇ ಉಳಿಯುವ 24 ಗಂಟೆಯ ಡ್ಯೂಟಿಗೆ ಎಷ್ಟರಿಂದ ಎಷ್ಟರವರೆಗೆ, ಊಟ ಯಾರದು, ಅಡ್ವಾನ್ಸ್ ಎಷ್ಟು, ವಾಪಸ್ ಯಾವಾಗ, ಆಯಾ ಊರಿಗೆ ಹೋದರೆ ಬದಲಿಯವರು ಎಷ್ಟು ಗಂಟೆಯಲ್ಲಿ. ದರ ಹಾಕಿದರೆ ಎದುರಾಳಿಗೆ ತಿಳಿಯುತ್ತದೆ ಎಂದು ಅಂಜುವವರಿದ್ದಾರೆ. ಎದುರಾಳಿ ಒಂದು ಫೋನ್ ಮಾಡಿ ಎಂದೋ ತಿಳಿದುಕೊಂಡಿರುತ್ತಾನೆ. ನರ್ಸ್ ಮತ್ತು ಆಯಾ ಬೇರೆ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ನರ್ಸಿಂಗ್ ಕೋರ್ಸ್‌ಗಳಲ್ಲಿ ಎಎನ್‌ಎಂ 2 ವರ್ಷ, ಜಿಎನ್‌ಎಂ 3 ವರ್ಷ, ಬಿಎಸ್ಸಿ ನರ್ಸಿಂಗ್ 4 ವರ್ಷದ ಓದು. ನರ್ಸ್ ಎಂದು ಕಳಿಸುವವರಿಗೆ ನರ್ಸಿಂಗ್ ಕೌನ್ಸಿಲ್ ನೋಂದಣಿ ಇರಬೇಕು. ಸ್ನಾನ ಮಾಡಿಸುವುದು, ಡೈಪರ್ ಬದಲಿಸುವುದು, ಊಟ ಮಾಡಿಸುವುದು ಆಯಾ ಕೆಲಸ, ಇಂಜೆಕ್ಷನ್ ಅಲ್ಲ.

ಆರೋಗ್ಯದ ವಿಷಯದಲ್ಲಿ ನಂಬಿಕೆಗೆ ಗೂಗಲ್ ಹೆಚ್ಚು ತೂಕ ಕೊಡುತ್ತದೆ. ಎಲ್ಲಿಂದಲೋ ಎತ್ತಿದ 'ವೃದ್ಧರಿಗೆ ಹತ್ತು ಸಲಹೆ'ಗಿಂತ, ನಿಮ್ಮ ನರ್ಸ್ ಒಬ್ಬರು ಹೆಸರು ಹಾಕಿ ಬರೆದ ಒಂದು ಪುಟ ಮೇಲು. ಮೂಗಿನ ನಳಿಕೆಯಲ್ಲಿ ಆಹಾರ ಕೊಡುವಾಗ ತಲೆದೆಸೆ 30ರಿಂದ 45 ಡಿಗ್ರಿ ಎತ್ತರವಿರಬೇಕು, ಮುಗಿದ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಮಲಗಿಸಬಾರದು. ತಾನಾಗಿ ಹೊರಳಲಾಗದವರ ಮಗ್ಗುಲನ್ನು ಸುಮಾರು ಎರಡು ಗಂಟೆಗೊಮ್ಮೆ ಬದಲಿಸಬೇಕು, ಇಲ್ಲದಿದ್ದರೆ ಟೊಂಕದ ಕೆಳಗೆ ಹುಣ್ಣಾಗುತ್ತದೆ. ಇಂಥದ್ದು ಕನ್ನಡದಲ್ಲಿ ವಿರಳ, ಪೈಪೋಟಿಯೂ ಕಡಿಮೆ. ಪುಟದ ಕೊನೆಗೆ ಹಿರಿಯ ನಾಗರಿಕರ ಸಹಾಯವಾಣಿ 14567 ಹಾಕಿದರೆ ಓದಿದವರಿಗೆ ಉಪಕಾರ. ಮನೆಯವರ ಲಿಖಿತ ಒಪ್ಪಿಗೆಯಿಲ್ಲದೆ ಹಾಸಿಗೆ ಹಿಡಿದವರ ಫೋಟೋ ಮಾತ್ರ ಬೇಡವೇ ಬೇಡ.

ಮಾರಾಟಕ್ಕೆ ಬರುವ ಕೆಲವು 'ಪ್ಯಾಕೇಜ್'ಗಳಿಗೆ ದುಡ್ಡು ಸುರಿಯಬೇಡಿ. ಪುಟದ ಕೋಡ್‌ನಲ್ಲಿ ಅಡಗಿಸಿಡುವ ಮೆಟಾ ಕೀವರ್ಡ್ಸ್ ಪಟ್ಟಿಯನ್ನು ಲೆಕ್ಕಕ್ಕಿಡುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಪ್ರಶ್ನೋತ್ತರದ ಕೋಡ್ ಹಾಕಿದರೆ ಫಲಿತಾಂಶದಲ್ಲಿ ದೊಡ್ಡದಾಗಿ ಕಾಣುವ ಸೌಲಭ್ಯವನ್ನು 2023ರ ಆಗಸ್ಟ್‌ನಲ್ಲಿ ಹೆಸರಾಂತ ಸರ್ಕಾರಿ, ಆರೋಗ್ಯ ತಾಣಗಳಿಗಷ್ಟೇ ಸೀಮಿತಗೊಳಿಸಿದರು. ತಾಲ್ಲೂಕಿನ ಹೆಸರು ಮಾತ್ರ ಬದಲಾಯಿಸಿದ ಹತ್ತು ಒಂದೇ ತರಹದ ಪುಟಗಳು ಸ್ಪ್ಯಾಮ್ ಲೆಕ್ಕಕ್ಕೆ ಬೀಳುತ್ತವೆ. ಕುಣಿಗಲ್‌ಗೆ ಬೇರೆ ಪುಟ ಬೇಕಿದ್ದರೆ ಅಲ್ಲಿಗೆ ಸಿಬ್ಬಂದಿ ಎಲ್ಲಿಂದ ಬರುತ್ತಾರೆ, ಬಸ್ ಖರ್ಚು ಯಾರದು ಎಂಬಂಥ ಕುಣಿಗಲ್‌ನದೇ ವಿಷಯ ಅದರಲ್ಲಿರಬೇಕು.

ಯಾವ ಪದ ಹುಡುಕಿದವರಿಗೆ ನಿಮ್ಮ ಸೈಟ್ ಎಷ್ಟನೆಯ ಸ್ಥಾನದಲ್ಲಿ ಕಂಡಿತು ಎಂಬ ಲೆಕ್ಕ ನೋಡಲು ಗೂಗಲ್‌ನ ಸರ್ಚ್ ಕನ್ಸೋಲ್ ಸಾಕು, ಅದೂ ಉಚಿತ. 16 ತಿಂಗಳ ಮಾಹಿತಿ ಇಟ್ಟುಕೊಳ್ಳುತ್ತದೆ, ಆದ್ದರಿಂದ ಇಂದೇ ಜೋಡಿಸಿ. ಸರಾಸರಿ ಸ್ಥಾನ 8ರಿಂದ 20ರ ನಡುವೆ ಇರುವ ಹುಡುಕಾಟ ಪದಗಳನ್ನು ಆರಿಸಿ, ಅವುಗಳಿಗೆ ಸಂಬಂಧಿಸಿದ ಪುಟಗಳನ್ನು ಮೊದಲು ತಿದ್ದಿ. ಸೈಟ್‌ಗೆ ಬಂದವರನ್ನು ಎಣಿಸುವ ಸಾಧನ ಗೂಗಲ್ ಅನಾಲಿಟಿಕ್ಸ್. ಹಳೆಯ ಸೈಟ್‌ನ ಅನಾಲಿಟಿಕ್ಸ್ ಸಂಖ್ಯೆ 'ಯುಎ' ಎಂದು ಶುರುವಾಗುತ್ತಿದ್ದರೆ ಅದು 2023ರ ಜುಲೈನಿಂದ ಏನನ್ನೂ ಎಣಿಸುತ್ತಿಲ್ಲ. ಹೊಸದು ಹಾಕಿದರೂ ಫೋನ್ ನಂಬರ್ ಒತ್ತಿದ್ದನ್ನು ಅದು ತಾನಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಗೂಗಲ್‌ನ ಟ್ಯಾಗ್ ಮ್ಯಾನೇಜರ್ ಎಂಬ ಇನ್ನೊಂದು ಸಾಧನದಲ್ಲಿ ಬೇರೆ ಹೇಳಬೇಕು. ಪ್ರೊಫೈಲ್ ತೋರಿಸುವ 'ಕರೆಗಳು' ಎಂಬ ಅಂಕಿಯೂ ಬಟನ್ ಒತ್ತಿದ್ದರ ಲೆಕ್ಕವೇ, ಯಾರಾದರೂ ಎತ್ತಿದರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಫೋನ್ ಪಕ್ಕ ಒಂದು ನೋಟ್‌ಬುಕ್ ಇಟ್ಟು, ಕರೆ ಮಾಡಿದವರನ್ನು "ನಮ್ಮ ನಂಬರ್ ಎಲ್ಲಿ ಸಿಕ್ತು ಸಾರ್?" ಎಂದು ಕೇಳಿ ಬರೆದುಕೊಳ್ಳಿ. ವೇಳೆಯ ಜಾಗದಲ್ಲಿ '24 ಗಂಟೆ ತೆರೆದಿದೆ' ಎಂದು ಹಾಕಿದವರು ಆ ನೋಟ್‌ಬುಕ್ ಅನ್ನು ರಾತ್ರಿ ಯಾರ ಹಾಸಿಗೆ ಪಕ್ಕ ಇಡಬೇಕೆಂದೂ ತೀರ್ಮಾನಿಸಿಕೊಂಡಿರಬೇಕು.