ಅರಿಜೋನಾದ ಕಾನೂನು, ಕಲಬುರಗಿಯ ತರಗತಿ: ಭಾನುವಾರದ ಚರ್ಚಾ ಸರಣಿಯೊಂದರ ವಿಮರ್ಶೆ

ಕಲಬುರಗಿಯ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರವೊಂದು ಕಾನೂನು ವಿದ್ಯಾರ್ಥಿಗಳಿಗೂ ಕೆಎಎಸ್ ಆಕಾಂಕ್ಷಿಗಳಿಗೂ ಭಾನುವಾರಗಳಂದು ಕನ್ನಡದಲ್ಲಿ ಚರ್ಚಾ ತರಗತಿ ನಡೆಸುತ್ತದೆ. ಒಂದೊಂದು ಸರಣಿಯಲ್ಲಿ ಒಂದು ವಿವಾದಿತ ಕಾನೂನನ್ನು ಎತ್ತಿಕೊಂಡು, ಅದರ ಪಠ್ಯವನ್ನು ಓದಿಸಿ, ಪರ-ವಿರೋಧ ವಾದ ಮಾಡಿಸಿ, ಕೊನೆಗೆ ಪ್ರಬಂಧ ಬರೆಸುವುದು ಅವರ ಕ್ರಮ. ಈ ಸಲ ಆರಿಸಿಕೊಂಡದ್ದು ಅಕ್ರಮ ವಲಸೆಯನ್ನು ತಡೆಯಲೆಂದು ಅಮೆರಿಕದ ಅರಿಜೋನಾ ರಾಜ್ಯವು 2010ರಲ್ಲಿ ಮಾಡಿದ, ಎಸ್‌ಬಿ 1070 (ಸೆನೆಟ್ ಬಿಲ್, ಅಂದರೆ ಸೆನೆಟ್ ಮಸೂದೆ 1070) ಎಂದೇ ಹೆಸರಾದ ಕಠಿಣ ಕಾನೂನನ್ನು. ರಾಜ್ಯಶಾಸ್ತ್ರ ಕಲಿಸುವ ನಾನು ನನ್ನ ಕೆಲವು ವಿದ್ಯಾರ್ಥಿಗಳೊಂದಿಗೆ ಸರಣಿಯುದ್ದಕ್ಕೂ ಕುಳಿತಿದ್ದೆ. ಕೊಟ್ಟ 400 ರೂಪಾಯಿ ಶುಲ್ಕಕ್ಕೆ ತಕ್ಕ ಕಲಿಕೆ ಇಲ್ಲಿ ದೊರೆಯುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಗುಳೆ ಹೋಗುವವರ ಸೀಮೆಯಾದ ನಮ್ಮ ಭಾಗದಲ್ಲಿ ಈ ವಿಷಯಕ್ಕಿರುವ ತೂಕವನ್ನು ಕೇಂದ್ರದವರು ಇನ್ನೂ ಪೂರ್ತಿ ಗ್ರಹಿಸಿಲ್ಲ.

ತರಗತಿಯ ದೊಡ್ಡ ಗುಣವೆಂದರೆ ಮೊದಲ ಭಾನುವಾರ ಯಾರಿಗೂ ಅಭಿಪ್ರಾಯ ಹೇಳಲು ಬಿಡದಿರುವುದು. ಗವರ್ನರ್ ಜ್ಯಾನ್ ಬ್ರೂವರ್ ಅವರು 2010ರ ಏಪ್ರಿಲ್ 23ರಂದು ಸಹಿ ಹಾಕಿದ ಕಾನೂನನ್ನು ಕಲಂ ಕಲಂ ಆಗಿ ಓದಿಸುತ್ತಾರೆ. ವಿವಾದದ ಕೇಂದ್ರವಾದ 2(ಬಿ) ಕಲಮಿನ ಪ್ರಕಾರ, ಬೇರೆ ಯಾವುದೋ ಕಾನೂನನ್ನು ಜಾರಿ ಮಾಡುವಾಗ ಪೊಲೀಸರು ಒಬ್ಬನನ್ನು ತಡೆದರೆ ಅಥವಾ ಬಂಧಿಸಿದರೆ, ಅವನು ಅಕ್ರಮವಾಗಿ ದೇಶದಲ್ಲಿದ್ದಾನೆಂಬ ಸಮಂಜಸ ಸಂಶಯ ಮೂಡಿದಲ್ಲಿ, ಸಾಧ್ಯವಾದ ಮಟ್ಟಿಗೆ ಅವನ ವಲಸೆ ಸ್ಥಿತಿಯನ್ನು ಪರಿಶೀಲಿಸಲೇಬೇಕು. 3ನೆಯ ಕಲಂ ವಿದೇಶಿಯನೊಬ್ಬ ನೋಂದಣಿ ಕಾಗದಗಳನ್ನು ಜೊತೆಯಲ್ಲಿ ಇಟ್ಟುಕೊಳ್ಳದಿರುವುದನ್ನೇ ರಾಜ್ಯದ ಅಪರಾಧವನ್ನಾಗಿ ಮಾಡಿತು. 5(ಸಿ) ಕಲಂ ಅನುಮತಿಯಿಲ್ಲದ ವಲಸಿಗ ಕೆಲಸ ಕೇಳುವುದನ್ನೂ ಅಪರಾಧವೆಂದಿತು. ದೇಶದಿಂದ ಹೊರಹಾಕಬಹುದಾದ ಅಪರಾಧ ಮಾಡಿದ್ದಾನೆಂದು ನಂಬಲು ಕಾರಣವಿದ್ದರೆ ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವನ್ನು 6ನೆಯ ಕಲಂ ಕೊಟ್ಟಿತು. ಸಹಿಯಾದ ಒಂದೇ ವಾರದಲ್ಲಿ, ಏಪ್ರಿಲ್ 30ರಂದು, ತಿದ್ದುಪಡಿ ತಂದು ಜನಾಂಗವನ್ನು ಸಂಶಯಕ್ಕೆ ಆಧಾರವಾಗಿ ಪರಿಗಣಿಸಕೂಡದೆಂಬ ನಿರ್ಬಂಧವನ್ನು ಬಿಗಿ ಮಾಡಿದ್ದನ್ನೂ, ಪೊಲೀಸರ ಸಾಮಾನ್ಯ ಸಂಪರ್ಕಕ್ಕೆ ಬಂದವರನ್ನೆಲ್ಲ ಪ್ರಶ್ನಿಸಬಹುದಾಗಿದ್ದ ಮೂಲ ಪಠ್ಯವನ್ನು ತಡೆ, ವಶ, ಬಂಧನಗಳಿಗೆ ಸೀಮಿತಗೊಳಿಸಿದ್ದನ್ನೂ ಅಧ್ಯಾಪಕರು ಎದುರಿಟ್ಟು ತೋರಿಸಿದರು. ಪತ್ರಿಕೆಯ ತಲೆಬರಹ ನೋಡಿ ವಾದಕ್ಕಿಳಿಯುವ ಅಭ್ಯಾಸ ಬೆಳೆದಿರುವ ಈ ಕಾಲದಲ್ಲಿ ಹೀಗೆ ಪಠ್ಯದೆದುರು ಕೂಡಿಸುವುದೇ ದೊಡ್ಡ ಉಪಕಾರ.

ನ್ಯಾಯಾಲಯದ ಭಾಗವನ್ನಂತೂ ಬಹಳ ಚೆನ್ನಾಗಿ ನಡೆಸಿದರು. ಕೇಂದ್ರ ಸರ್ಕಾರವೇ ಅರಿಜೋನಾದ ವಿರುದ್ಧ ದಾವೆ ಹೂಡಿದ್ದು, ಕಾನೂನು ಜಾರಿಗೆ ಬರುವ ಹಿಂದಿನ ದಿನವಾದ ಜುಲೈ 28ರಂದು ಜಿಲ್ಲಾ ನ್ಯಾಯಾಧೀಶೆ ಸುಸಾನ್ ಬೋಲ್ಟನ್ ಅವರು ಮುಖ್ಯ ಕಲಮುಗಳಿಗೆ ತಡೆ ಕೊಟ್ಟದ್ದು, 2012ರ ಜೂನ್ 25ರಂದು ಸುಪ್ರೀಂ ಕೋರ್ಟ್ 3, 5(ಸಿ), 6ನೆಯ ಕಲಮುಗಳನ್ನು ರದ್ದು ಮಾಡಿ 2(ಬಿ)ಯನ್ನು ಸದ್ಯಕ್ಕೆ ಉಳಿಸಿದ್ದು, ಇವೆಲ್ಲವೂ ಕ್ರಮವಾಗಿ ಬಂದವು. ನಮ್ಮ ಹುಡುಗರಲ್ಲಿ ಹೆಚ್ಚಿನವರು ಆ ತೀರ್ಪು ಜನಾಂಗೀಯ ತಾರತಮ್ಯದ ಬಗ್ಗೆ ಎಂದುಕೊಂಡಿದ್ದರು. ಅಲ್ಲಿ ನಿರ್ಣಯವಾದದ್ದು ವಲಸೆಯ ವಿಷಯದಲ್ಲಿ ಕೇಂದ್ರದ ಕಾನೂನಿದ್ದಾಗ ರಾಜ್ಯವೊಂದು ತನ್ನದೇ ಶಿಕ್ಷೆಗಳನ್ನು ಸೇರಿಸಬಹುದೇ ಎಂಬ ಅಧಿಕಾರ ಹಂಚಿಕೆಯ ಪ್ರಶ್ನೆ. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಆಂಟನಿ ಕೆನಡಿ ಅವರು ವಿದೇಶಾಂಗ ವ್ಯವಹಾರಕ್ಕೂ ವಲಸೆಗೂ ಇರುವ ನಂಟನ್ನು ಎತ್ತಿ ಹೇಳಿದರೆ, ರಾಜ್ಯವೂ ಸಾರ್ವಭೌಮ ಘಟಕವಾದ್ದರಿಂದ ಇರಲು ಹಕ್ಕಿಲ್ಲದವರನ್ನು ಹೊರಗಿಡುವ ಅಧಿಕಾರ ಅದಕ್ಕೂ ಇದೆ ಎಂದು ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಅವರು ಭಿನ್ನಮತ ಬರೆದರು. ಇದನ್ನು ನಮ್ಮ ಸಂವಿಧಾನದ ಏಳನೆಯ ಅನುಸೂಚಿಯ ಪಕ್ಕದಲ್ಲಿಟ್ಟು ಓದಿಸಿದ್ದು ಅಧ್ಯಾಪಕರ ಜಾಣ್ಮೆ: ಪೌರತ್ವ ಮತ್ತು ವಿದೇಶಿಯರ ವಿಷಯ ಕೇಂದ್ರ ಪಟ್ಟಿಯ 17ನೆಯ ನಮೂದಿನಲ್ಲಿ, ದೇಶದೊಳಗೆ ಪ್ರವೇಶ ಮತ್ತು ಉಚ್ಚಾಟನೆ 19ನೆಯ ನಮೂದಿನಲ್ಲಿ ಇವೆ, ಪೊಲೀಸು ಮಾತ್ರ ರಾಜ್ಯ ಪಟ್ಟಿಯಲ್ಲಿದೆ. ಎರಡೂ ದೇಶಗಳ ತಕರಾರು ಹುಟ್ಟುವುದು ಈ ಸಂದಿಯಲ್ಲೇ ಎಂಬುದು ಪರೀಕ್ಷೆ ಬರೆಯುವವರಿಗೆ ಒಂದೇ ತಾಸಿನಲ್ಲಿ ಮನವರಿಕೆಯಾಯಿತು.

ಚರ್ಚೆಯ ದಿನ ಪ್ರತಿ ತಂಡವೂ ಮೊದಲು ಒಂದು ಪಕ್ಷ ಹಿಡಿದು, ವಿರಾಮದ ನಂತರ ಎದುರು ಪಕ್ಷಕ್ಕಾಗಿ ವಾದಿಸಬೇಕು. ಈ ಕ್ರಮ ನನಗೆ ಹಿಡಿಸಿತು. ಆದರೆ ಕಾನೂನಿನ ಪರ ವಾದಿಸುವವರ ಕೈಗೆ ತರಗತಿಯ ಕೈಪಿಡಿಯು ಹೆಚ್ಚೇನನ್ನೂ ಕೊಟ್ಟಿಲ್ಲ. ವಿರೋಧಿಗಳ ವಾದಕ್ಕೆ ಪುಟಗಟ್ಟಲೆ ಸಾಮಗ್ರಿಯಿದ್ದರೆ, ಬೆಂಬಲಿಗರ ವಾದ ಅರ್ಧ ಪುಟದಲ್ಲಿ ಮುಗಿದಿದೆ, ಅದೂ ಅವರೆಲ್ಲ ದ್ವೇಷದಿಂದ ಮಾತಾಡಿದರೆಂಬ ಧಾಟಿಯಲ್ಲಿ. ಇದು ಅನ್ಯಾಯ. 1990ರ ದಶಕದಲ್ಲಿ ಸ್ಯಾನ್ ಡಿಯಾಗೋ ಮತ್ತು ಎಲ್ ಪಾಸೋ ನಗರಗಳ ಗಡಿಯಲ್ಲಿ ಕೇಂದ್ರ ಸರ್ಕಾರ ಕಾವಲು ಬಿಗಿ ಮಾಡಿದ ಮೇಲೆ ಗಡಿ ದಾಟುವವರ ಹರಿವು ಅರಿಜೋನಾದ ಮರುಭೂಮಿಯ ಕಡೆಗೆ ತಿರುಗಿತು. ಒಂದು ಕಡೆ ಮುಚ್ಚಿದ ಹೊರೆ ಇನ್ನೊಂದು ರಾಜ್ಯದ ಆಸ್ಪತ್ರೆ, ಶಾಲೆ, ಜೈಲುಗಳ ಮೇಲೆ ಬಿತ್ತು. ಗಡಿ ಕಾಯಬೇಕಾದ ಕೇಂದ್ರವು ವಲಸೆ ಸುಧಾರಣೆಯ ಮಸೂದೆಗಳನ್ನು 2006 ಮತ್ತು 2007ರಲ್ಲಿ ಅಂಗೀಕರಿಸಲಾಗದೆ ಕೈಬಿಟ್ಟಿತು. 2010ರ ಮಾರ್ಚ್‌ನಲ್ಲಿ ಗಡಿ ಸಮೀಪದ ಜಾನುವಾರು ಸಾಕಣೆದಾರರೊಬ್ಬರು ತಮ್ಮ ಜಮೀನಿನಲ್ಲೇ ಕೊಲೆಯಾದಾಗ ಆ ಭಾಗದ ಜನರ ಭಯ ಬಹಿರಂಗವಾಯಿತು. ಆ ಮೇ ತಿಂಗಳಲ್ಲಿ ಪ್ಯೂ ಸಂಶೋಧನಾ ಕೇಂದ್ರ ನಡೆಸಿದ ಸಮೀಕ್ಷೆಯಲ್ಲಿ ಅಮೆರಿಕನ್ನರ ಪೈಕಿ 59 ಶೇಕಡಾ ಮಂದಿ ಕಾನೂನನ್ನು ಒಪ್ಪಿದ್ದರು. ಇಷ್ಟು ಜನರನ್ನು ಒಟ್ಟಾಗಿ ದ್ವೇಷಿಗಳೆಂದು ಬದಿಗೆ ಸರಿಸಿದರೆ ವಿದ್ಯಾರ್ಥಿಗೆ ಅರ್ಥವಾಗುವುದೇನು? ಕಾನೂನನ್ನು ನಾನು ಒಪ್ಪುವವನಲ್ಲ, ಆದರೂ ಅದು ಹುಟ್ಟಿದ ಸಂಕಟ ನಿಜವಾದದ್ದು ಎಂಬುದನ್ನು ಕೈಪಿಡಿಯ ಮುಂದಿನ ಮುದ್ರಣದಲ್ಲಾದರೂ ಬರೆಯಬೇಕೆಂದು ಕೇಂದ್ರದವರಿಗೆ ಲಿಖಿತವಾಗಿಯೇ ತಿಳಿಸಿದ್ದೇನೆ.

ಸರಣಿಯ ಅತಿ ಮಹತ್ವದ ಮಾತು ಬಂದದ್ದು ಕೈಪಿಡಿಯಿಂದಲ್ಲ, ಸುರಪುರದ ಕಡೆಯಿಂದ ಬಂದ ವಿದ್ಯಾರ್ಥಿನಿಯಿಂದ. ‘ಸಮಂಜಸ ಸಂಶಯ’ ಕಾನೂನಿನಲ್ಲಿ ಎಷ್ಟು ಬಿಗಿಯಾದ ಕಟ್ಟಳೆಯೆಂದು ಅಧ್ಯಾಪಕರು ವಿವರಿಸುತ್ತಿದ್ದಾಗ ಆಕೆ ಎದ್ದು, “ಸರ್, ಆ ಸಂಶಯ ಯಾರ ಮ್ಯಾಲ ಬರ್ತದ? ಕಾರಿನಾಗ ಕುಂತವರ ಮ್ಯಾಲ ಬರಂಗಿಲ್ಲ. ಗಂಟುಮೂಟೆ ಹೊತ್ತು ನಿಂತವರ ಮ್ಯಾಲೇ ಬರ್ತದ” ಎಂದಳು. “ಛಲೋ ಕೇಳಿದಿ ತಂಗಿ, ಕೂಡು, ಇದರ ಮ್ಯಾಲೇ ಮಾತಾಡೋಣು” ಎಂದು ಅಧ್ಯಾಪಕರು ಅಂದಿನ ಟಿಪ್ಪಣಿಯನ್ನು ಬದಿಗಿಟ್ಟರು. ಆ ತಾಸು ಶುಲ್ಕವನ್ನು ಪೂರ್ತಿ ತೀರಿಸಿತು.

ಆಗ ಎತ್ತಿಕೊಂಡದ್ದು ಬೆಂಗಳೂರಿನ ಉದಾಹರಣೆಯನ್ನು. 2020ರ ಜನವರಿಯಲ್ಲಿ ಬೆಳ್ಳಂದೂರು ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ ಅಕ್ರಮ ಬಾಂಗ್ಲಾದೇಶೀಯರು ಇದ್ದಾರೆಂಬ ಆರೋಪದ ಬೆನ್ನಲ್ಲೇ ಕೂಲಿಕಾರರ ಶೆಡ್ಡುಗಳನ್ನು ಕೆಡವಲಾಯಿತು. ಅಲ್ಲಿ ಅಸ್ಸಾಂ, ತ್ರಿಪುರಾ ರಾಜ್ಯಗಳವರ ಜೊತೆಗೆ ಉತ್ತರ ಕರ್ನಾಟಕದ ಕುಟುಂಬಗಳೂ ಇದ್ದವು. ಕರ್ನಾಟಕ ಹೈಕೋರ್ಟ್ ಮಧ್ಯೆ ಪ್ರವೇಶಿಸಿ ಆ ಕ್ರಮಕ್ಕೆ ಕಾನೂನಿನ ಆಧಾರವಿಲ್ಲವೆಂದು ಹೇಳಬೇಕಾಯಿತು. ತೊಗರಿ ರಾಶಿ ಮುಗಿದ ಮೇಲೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಒಂದು ದಿಕ್ಕಿಗೆ ಬೆಂಗಳೂರಿಗೂ ಇನ್ನೊಂದು ದಿಕ್ಕಿಗೆ ಪುಣೆ, ಮುಂಬೈಗೂ ಹೋಗುವ ಯಾದಗಿರಿ, ಕಲಬುರಗಿಯ ಕೂಲಿಕಾರರಲ್ಲಿ ತಾಂಡಾಗಳ ಲಂಬಾಣಿ ಮಾತಾಡುವವರಿದ್ದಾರೆ, ದಖನಿ ಉರ್ದು ಮಾತಾಡುವವರಿದ್ದಾರೆ. ಊರಿನಲ್ಲಿ ಯಾರೂ ಅವರ ಮಾತನ್ನು ಕೇಳಿ ತಿರುಗಿ ನೋಡುವುದಿಲ್ಲ. ದೊಡ್ಡ ನಗರದ ಅಂಚಿನ ಶೆಡ್ಡಿನಲ್ಲಿ ಅದೇ ಮಾತು ಸಂಶಯಕ್ಕೆ ಕಾರಣವಾಗುತ್ತದೆ. ಜನಾಂಗವನ್ನು ಪರಿಗಣಿಸಕೂಡದೆಂದು ಅರಿಜೋನಾದ ತಿದ್ದುಪಡಿ ಹೇಳಿದ್ದೇನೋ ಸರಿ. ಆದರೆ ರಸ್ತೆಬದಿಯ ಪೊಲೀಸನಿಗೆ ಒಬ್ಬನ ವಲಸೆ ಸ್ಥಿತಿ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಬಣ್ಣ, ಬಟ್ಟೆ, ಕೆಲಸ, ಉಚ್ಚಾರಣೆ. ಪರಿಶೀಲನೆ ಮುಗಿಯುವ ತನಕ ರಸ್ತೆಯ ಮೇಲೆ ನಿಲ್ಲಬೇಕಾದವನು ಬಹಳ ಸಲ ಅದೇ ದೇಶದ ಪ್ರಜೆಯಾಗಿರುತ್ತಾನೆ. ಅರಿಜೋನಾದ ಮ್ಯಾರಿಕೋಪಾ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಪೊಲೀಸ್ ಕೆಲಸ ನೋಡುವ ಶೆರಿಫ್ ಕಚೇರಿ ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ವಾಹನ ಚಾಲಕರನ್ನು ಜನಾಂಗದ ಆಧಾರದ ಮೇಲೆ ತಡೆಯುತ್ತಿತ್ತೆಂದು ಅಲ್ಲಿನ ಕೇಂದ್ರ ನ್ಯಾಯಾಲಯ 2013ರಲ್ಲಿ ತೀರ್ಮಾನಿಸಿತು. ಇದು ಊಹೆಯ ಭಯವಲ್ಲ, ಸಾಬೀತಾದ ಸಂಗತಿ.

ನನ್ನ ನಿಲುವೂ ಇಲ್ಲಿಯೇ ಇದೆ. ಗಡಿ ಕಾಯುವುದು ಸರ್ಕಾರದ ಕರ್ತವ್ಯ, ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಆ ಕೆಲಸವನ್ನು ಕಳ್ಳತನದ ದೂರು ಬರೆದುಕೊಳ್ಳಬೇಕಾದ, ಅಪಘಾತದ ಸ್ಥಳಕ್ಕೆ ಓಡಬೇಕಾದ ಠಾಣೆಯ ಪೊಲೀಸರ ಹೆಗಲಿಗೆ ಕಡ್ಡಾಯವಾಗಿ ಹೊರಿಸಿದರೆ, ಕಾಗದ ಕೇಳಿಯಾರೆಂಬ ಅಂಜಿಕೆಯಿಂದ ಬಡವರು ಠಾಣೆಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಅರಿಜೋನಾದ ಪೊಲೀಸ್ ಮುಖ್ಯಸ್ಥರ ಸಂಘವೇ ಈ ಕಾರಣದಿಂದ ಮಸೂದೆಯನ್ನು ವಿರೋಧಿಸಿತ್ತು. ಸಿಬ್ಬಂದಿಯ ಕೆಲವು ಸಂಘಗಳು ಬೆಂಬಲಿಸಿದ್ದವು ಎಂಬುದನ್ನೂ ಸೇರಿಸಿ ಹೇಳಬೇಕು. ರಸ್ತೆಯಲ್ಲಿ ವಾಹನ ನಿಲ್ಲಿಸಿ ದಿನಗೂಲಿಯವರನ್ನು ಕರೆದೊಯ್ಯುವುದಕ್ಕೂ ಅದೇ ಕಾನೂನು ದಂಡ ವಿಧಿಸಿತ್ತು, ಆ ಭಾಗಕ್ಕೂ ನ್ಯಾಯಾಲಯ ಆಮೇಲೆ ತಡೆ ಕೊಟ್ಟಿತು. ಬೆಳಗಿನ ಹೊತ್ತು ಮೇಸ್ತ್ರಿಗಳು ಬಂದು ಆಳುಗಳನ್ನು ಕರೆದೊಯ್ಯುವ ನಮ್ಮ ಚೌಕಗಳನ್ನು ನೋಡಿದ ಯಾರಿಗಾದರೂ ಇಂಥ ದಂಡ ಯಾರ ಹೊಟ್ಟೆಯ ಮೇಲೆ ಬೀಳುತ್ತದೆಂದು ಹೇಳಬೇಕಾಗಿಲ್ಲ. 2011ರಲ್ಲಿ ಜಾರ್ಜಿಯಾ ರಾಜ್ಯ ಇಂಥದೇ ಕಾನೂನು ಮಾಡಿದಾಗ ಹೊಲಗಳಲ್ಲಿ ಕೂಲಿಯವರ ಕೊರತೆಯಾಗಿ, ಪ್ರೊಬೇಷನ್ ಮೇಲಿದ್ದ, ಅಂದರೆ ಜೈಲಿನ ಹೊರಗೆ ನಿಗಾದಲ್ಲಿದ್ದ ಅಪರಾಧಿಗಳನ್ನು ಫಸಲು ಕೀಳಲು ಕಳಿಸುವ ಸಲಹೆಯನ್ನು ಅಲ್ಲಿನ ಗವರ್ನರ್ ನೇಥನ್ ಡೀಲ್ ಮುಂದಿಟ್ಟರು. ತರಗತಿಯಲ್ಲಿ ಜಾರ್ಜಿಯಾದ ಹೆಸರು ಒಂದು ವಾಕ್ಯದಲ್ಲಿ ಬಂದು ಹೋಯಿತು. ಒಕ್ಕಲುತನದ ಮನೆಗಳಿಂದ ಬಂದ ಮಕ್ಕಳೇ ತುಂಬಿದ್ದ ಕೋಣೆಯಲ್ಲಿ ಅದಕ್ಕೆ ಅರ್ಧ ತಾಸಾದರೂ ಕೊಡಬಹುದಿತ್ತು.

ಕೈಪಿಡಿಯ ಇನ್ನೊಂದು ಕೊರತೆಯೆಂದರೆ ಅದು 2012ರ ತೀರ್ಪಿಗೇ ನಿಂತುಬಿಡುತ್ತದೆ. 2(ಬಿ) ಉಳಿದರೂ, ಕಾನೂನಿನ ವಿರುದ್ಧದ ಇನ್ನೊಂದು ದಾವೆಯಲ್ಲಿ 2016ರಲ್ಲಿ ಆದ ರಾಜಿಯಂತೆ ಅರಿಜೋನಾದ ಅಟಾರ್ನಿ ಜನರಲ್ ಅವರು ಬರೀ ವಲಸೆ ಪರಿಶೀಲನೆಗಾಗಿ ಯಾರನ್ನೂ ಹೆಚ್ಚು ಹೊತ್ತು ತಡೆದಿಡಕೂಡದೆಂಬ ಮಾರ್ಗದರ್ಶನ ಹೊರಡಿಸಿದರು. ಮಸೂದೆಯನ್ನು ಮಂಡಿಸಿದ ಸೆನೆಟರ್ ರಸೆಲ್ ಪಿಯರ್ಸ್ ಅವರನ್ನು 2011ರ ನವೆಂಬರ್‌ನಲ್ಲಿ ಮತದಾರರೇ ಸ್ಥಾನದಿಂದ ವಾಪಸು ಕರೆಸಿಕೊಂಡಿದ್ದರು. ಟೆಕ್ಸಾಸ್ 2023ರಲ್ಲಿ ಅಕ್ರಮವಾಗಿ ಗಡಿ ದಾಟುವುದನ್ನು ರಾಜ್ಯದ ಅಪರಾಧವೆನ್ನುವ ಎಸ್‌ಬಿ 4 ಎಂಬ ಕಾನೂನು ಮಾಡಿ, ಅರಿಜೋನಾದ ತೀರ್ಪನ್ನೇ ಮತ್ತೆ ಪರೀಕ್ಷೆಗೆ ಒಡ್ಡಿತು. ಇವಿಲ್ಲದೆ ವಿದ್ಯಾರ್ಥಿಯ ಪ್ರಬಂಧ ಹತ್ತು ವರ್ಷಕ್ಕೂ ಹಳೆಯದಾಗುತ್ತದೆ. ನಮ್ಮ ದೇಶದ ಕಡೆಯೂ ಹಾಗೆಯೇ: 1946ರ ವಿದೇಶಿಯರ ಕಾಯ್ದೆಯ 9ನೆಯ ಕಲಂ ತಾನು ವಿದೇಶಿಯಲ್ಲವೆಂದು ರುಜುವಾತು ಮಾಡುವ ಹೊಣೆಯನ್ನು ಆ ವ್ಯಕ್ತಿಯ ಮೇಲೆಯೇ ಇಟ್ಟಿತ್ತೆಂದು ಕೈಪಿಡಿ ಹೇಳುತ್ತದೆ. ಆ ಕಾಯ್ದೆಯ ಜಾಗಕ್ಕೆ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ, ರುಜುವಾತಿನ ಹೊಣೆ ಅದರಲ್ಲೂ ವ್ಯಕ್ತಿಯ ಮೇಲೆಯೇ ಉಳಿದಿದೆ ಎಂಬುದು ಅದರಲ್ಲಿಲ್ಲ.

ವ್ಯವಸ್ಥೆಯ ಬಗ್ಗೆ ಹೇಳಬೇಕಾದದ್ದು ಕಡಿಮೆ. ಕೋಣೆ ಸ್ವಚ್ಛವಾಗಿದೆ, ಕುಡಿಯುವ ನೀರಿದೆ, ಹಿಂದಿನ ಸಾಲಿಗೆ ಧ್ವನಿ ಸರಿಯಾಗಿ ಕೇಳುವುದಿಲ್ಲ. ತರಗತಿ ಸಂಜೆ ಮುಗಿಯುವುದರಿಂದ ಶಹಾಪುರ, ಚಿತ್ತಾಪುರ, ಅಫಜಲಪುರದ ಕಡೆಗೆ ಹೋಗಬೇಕಾದ ಹೆಣ್ಣುಮಕ್ಕಳು ಕೊನೆಯ ಚರ್ಚೆಯನ್ನು ಬಿಟ್ಟು ಬಸ್ಸಿಗೆ ಓಡುತ್ತಾರೆ. ಒಂದು ತಾಸು ಮುಂಚೆ ಆರಂಭಿಸಿದರೆ ಇದು ತಪ್ಪುತ್ತದೆ. ಬರೆದ ಪ್ರಬಂಧಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಎದುರು ಕೂಡಿಸಿಕೊಂಡು ಮಾತಾಡಿ ಹಿಂದಿರುಗಿಸುತ್ತಾರೆ, ಇಷ್ಟು ಶುಲ್ಕಕ್ಕೆ ಇದು ನಾನು ನಿರೀಕ್ಷಿಸಿರದ ಶ್ರದ್ಧೆ.

ಕಾನೂನು ಓದುವವರಿಗೂ ಕೆಎಎಸ್ ಪ್ರಬಂಧ ಪತ್ರಿಕೆಗೆ ತಯಾರಿ ನಡೆಸುವವರಿಗೂ ಈ ತರಗತಿಯನ್ನು ನಾನು ಮನಃಪೂರ್ವಕವಾಗಿ ಸೂಚಿಸುತ್ತೇನೆ. ಹೋಗುವವರು ಕೈಪಿಡಿಯೊಂದನ್ನೇ ನಂಬದೆ 2012ರ ತೀರ್ಪಿನ ಸಾರಾಂಶವನ್ನೂ 2025ರ ಕಾಯ್ದೆಯ ಪ್ರತಿಯನ್ನೂ ಮುಂಚಿತವಾಗಿ ಓದಿಕೊಂಡು ಹೋಗಲಿ, ಮುಂದಿನ ಎರಡು ಸಾಲುಗಳಲ್ಲಿಯೇ ಜಾಗ ಹಿಡಿಯಲಿ. ಮುಂದಿನ ಸರಣಿಗೆ ವಿಷಯ ಇನ್ನೂ ಗೊತ್ತಾಗಿಲ್ಲ. ರಾಜ್ಯದಿಂದ ರಾಜ್ಯಕ್ಕೆ ದುಡಿಯಲು ಹೋಗುವವರಿಗಾಗಿ 1979ರಲ್ಲಿ ಮಾಡಿದ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯನ್ನು ಎತ್ತಿಕೊಳ್ಳಿರೆಂದು ಕೇಳಿದ್ದೇವೆ, ಅಧ್ಯಾಪಕರು ಒಪ್ಪುವ ಲಕ್ಷಣಗಳಿವೆ.