ಡಿಸ್ನಿ ಡೈನಿಂಗ್ ಪ್ಲಾನ್: ಬಫೆ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಕೈಯಿಂದ ಕೊಡುವುದೇ ವಾಸಿ

ಮಂಗಳೂರು, ಉಡುಪಿ, ಕುಂದಾಪುರದ ಕಡೆಯಿಂದ ಅಮೆರಿಕಕ್ಕೆ ಹೋಗುವ ಹಿರಿಯರಲ್ಲಿ ಅನೇಕರು ಹೋಗುವುದು ಮಗಳ ಬಾಣಂತನಕ್ಕೋ ಮಗನ ಗೃಹಪ್ರವೇಶಕ್ಕೋ. ಅದು ಮುಗಿದ ಮೇಲೆ ಮೊಮ್ಮಕ್ಕಳ ಹಟಕ್ಕೆ ಎಲ್ಲರೂ ಒಟ್ಟಾಗಿ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡಿಗೆ ಹೊರಡುತ್ತಾರೆ. ಕೋಣೆ ಬುಕ್ ಮಾಡುವಾಗ, ಊಟಕ್ಕೂ ಈಗಲೇ ಹಣ ಕಟ್ಟಿಬಿಡುತ್ತೀರಾ ಎಂಬ ಆಯ್ಕೆ ಬರುತ್ತದೆ. ಅದೇ ಡಿಸ್ನಿ ಡೈನಿಂಗ್ ಪ್ಲಾನ್. ನೇರವಾಗಿ ಹೇಳುವುದಾದರೆ, ಮಾಂಸ, ಮದ್ಯ, ಸಿಹಿ ಮೂರನ್ನೂ ದಿನಾ ತೆಗೆದುಕೊಳ್ಳುವವರನ್ನು ಎದುರಿಗಿಟ್ಟುಕೊಂಡು ಇದಕ್ಕೆ ಬೆಲೆ ಕಟ್ಟಿದ ಹಾಗಿದೆ. ಪುಳಿಚಾರಿನ ಮನೆಯ ಸಸ್ಯಾಹಾರಿಗಳು, ಕುಡಿಯದವರು, ಒಂದು ತಟ್ಟೆಯಲ್ಲಿ ಇಬ್ಬರು ಹಂಚಿ ತಿನ್ನುವವರು ಇದರಲ್ಲಿ ಹಣ ಉಳಿಸುವುದು ಕಷ್ಟ. ಸಣ್ಣ ಮಕ್ಕಳಿದ್ದು, ದಿನಕ್ಕೊಂದು ಬಫೆಯಲ್ಲಿ ಮೇಜು ಸಿಕ್ಕಿದವರಿಗೆ ಮಾತ್ರ ಲೆಕ್ಕ ಕೂಡುತ್ತದೆ.

2005ರಲ್ಲಿ ಶುರುವಾದ ಈ ವ್ಯವಸ್ಥೆ 2020ರ ಮಾರ್ಚ್‌ನಲ್ಲಿ ಪಾರ್ಕುಗಳ ಜೊತೆ ನಿಂತು, 2024ರ ಜನವರಿ 9ರಿಂದ ಮತ್ತೆ ಬಂತು. ಡಿಸ್ನಿಯದೇ ಹೋಟೆಲಿನಲ್ಲಿ ಪ್ಯಾಕೇಜ್ ಮಾಡಿ ಉಳಿಯುವವರಿಗೆ ಮಾತ್ರ ಸಿಗುತ್ತದೆ. ಒರ್ಲಾಂಡೊದಲ್ಲಿ ನೆಂಟರ ಮನೆಯಲ್ಲಿ ಉಳಿದು ಪಾರ್ಕಿಗೆ ಹೋಗಿಬರುವವರು ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಬೇರೆ, ಅಲ್ಲಿ ಈ ಪ್ಲಾನ್ ನಡೆಯುವುದಿಲ್ಲ.

ನಮ್ಮ ಕಡೆಯ ರೆಸಾರ್ಟುಗಳ ಸಿಪಿ (ಕೋಣೆಯ ಜೊತೆ ಬೆಳಗಿನ ತಿಂಡಿ), ಎಂಎಪಿ (ತಿಂಡಿಯ ಜೊತೆ ಒಂದು ಊಟ), ಎಪಿ (ಮೂರು ಹೊತ್ತೂ) ಗೊತ್ತಿದ್ದವರು ಇದನ್ನೂ ಹಾಗೆಯೇ ಎಂದುಕೊಂಡರೆ ಎಡವುತ್ತಾರೆ. ಎಪಿಯಲ್ಲಿ ಮೂರು ಹೊತ್ತು ಹೋಗಿ ಕೂತರೆ ಆಯಿತು. ಇದು ಕಾಲೇಜು ಮೆಸ್ಸಿನ ಕೂಪನ್ ಪುಸ್ತಕದ ಹಾಗೆ: ಇಷ್ಟು ಚೀಟಿ, ಹರಿದಷ್ಟು ಊಟ, ಉಳಿದದ್ದಕ್ಕೆ ಹಣ ವಾಪಸ್ ಇಲ್ಲ. ಚೀಟಿಗೆ ಅಲ್ಲಿ ಕ್ರೆಡಿಟ್ ಎನ್ನುತ್ತಾರೆ. ಪ್ಲಾನಿನಲ್ಲಿ ಎರಡು ಬಗೆ. ಕ್ವಿಕ್ ಸರ್ವಿಸ್ ಪ್ಲಾನಿನಲ್ಲಿ ಒಬ್ಬರಿಗೆ ಒಂದು ರಾತ್ರಿಗೆ ಎರಡು ಕೌಂಟರ್ ಊಟ, ಒಂದು ತಿಂಡಿ (ಸ್ನ್ಯಾಕ್). ದೊಡ್ಡ ಪ್ಲಾನಿನಲ್ಲಿ ಒಂದು ಕೌಂಟರ್ ಊಟ, ಕೂತು ಬಡಿಸಿಕೊಳ್ಳುವ ಟೇಬಲ್ ಸರ್ವಿಸ್ ಊಟ ಒಂದು, ತಿಂಡಿ ಒಂದು. ಎರಡರಲ್ಲೂ ತಲೆಗೊಂದು ಮಗ್ ಕೊಡುತ್ತಾರೆ. ಹೋಟೆಲಿನಲ್ಲಿ ಇರುವಷ್ಟು ದಿನ ಕಾಫಿ, ಚಹಾ, ಸೋಡಾ ತುಂಬಿಸಿಕೊಳ್ಳಬಹುದು. ಪಾರ್ಕಿನೊಳಗೆ ಆ ಮಗ್ ನಡೆಯುವುದಿಲ್ಲ.

ಲೆಕ್ಕ ದಿನಕ್ಕಲ್ಲ, ರಾತ್ರಿಗೆ. ಐದು ರಾತ್ರಿ, ಆರು ಹಗಲು ಉಳಿದರೆ ಐದರ ಲೆಕ್ಕವೇ. ಮೂರು ಹೊತ್ತಿನ ಊಟ ಎಂದೂ ಇಲ್ಲ, ಮೂರನೆಯ ಹೊತ್ತು ನಿಮ್ಮದೇ ಜವಾಬ್ದಾರಿ. ಕ್ರೆಡಿಟ್‌ಗಳೆಲ್ಲ ಮೊದಲ ದಿನವೇ ಕೋಣೆಯ ಹೆಸರಿಗೆ ಒಟ್ಟಾಗಿ ಜಮೆಯಾಗುತ್ತವೆ, ಕೋಣೆ ಬಿಡುವ ದಿನದ ನಡುರಾತ್ರಿಗೆ ಸಾಯುತ್ತವೆ. ನಡುವೆ ಯಾವ ದಿನ ಎಷ್ಟು ಬೇಕಾದರೂ ಖರ್ಚು ಮಾಡಬಹುದು. ಅಜ್ಜಿಗೆ ಏಕಾದಶಿ ಬಿದ್ದರೆ ಆ ದಿನದ ಊಟ ದ್ವಾದಶಿಗೆ ಉಳಿಯುತ್ತದೆ.

ಜನ ಸಿಕ್ಕಿಬೀಳುವುದು ಊಟ ಎಂಬುದರೊಳಗೆ ಏನೇನು ಇದೆ ಎಂಬಲ್ಲಿ. ಕೌಂಟರ್ ಊಟ ಎಂದರೆ ಒಂದು ಮುಖ್ಯ ತಿನಿಸು, ಒಂದು ಪಾನೀಯ. ಸಿಹಿ ಇಲ್ಲ. ಟೇಬಲ್ ಊಟದಲ್ಲಿ ಮುಖ್ಯ ತಿನಿಸು, ಪಾನೀಯ, ಮಧ್ಯಾಹ್ನ ಮತ್ತು ರಾತ್ರಿಯಾದರೆ ಒಂದು ಸಿಹಿ. ಇಲ್ಲವೇ ಪೂರ್ತಿ ಬಫೆ. ಸೂಪು, ಸ್ಟಾರ್ಟರ್ ಎರಡರಲ್ಲೂ ಇಲ್ಲ, ಕೇಳಿದರೆ ಬೇರೆ ಬಿಲ್ಲು. ಪಾನೀಯದಲ್ಲಿ 21 ವರ್ಷ ದಾಟಿದವರಿಗೆ ಬಿಯರ್, ವೈನ್, ಕಾಕ್‌ಟೇಲ್ ಸೇರಿದೆ. ಒಂದು ಕಾಕ್‌ಟೇಲಿಗೆ 15 ಡಾಲರಿಗೂ ಮೇಲೆ ಇರುವುದರಿಂದ ಪ್ಲಾನಿನ ಲಾಭದ ಒಂದು ದೊಡ್ಡ ಪಾಲು ಅಲ್ಲೇ ಇದೆ. ತೆಗೆದುಕೊಳ್ಳುವವರು ವಯಸ್ಸಿನ ದಾಖಲೆಗೆ ಪಾಸ್‌ಪೋರ್ಟನ್ನೇ ಇಟ್ಟುಕೊಳ್ಳಬೇಕು. ಆಧಾರ್ ಕಾರ್ಡು ತೋರಿಸಿ ಪ್ರಯೋಜನವಿಲ್ಲ.

ಸಿಗ್ನೇಚರ್ ಎಂದು ಗುರುತಿಸಿದ ದುಬಾರಿ ರೆಸ್ಟೋರೆಂಟುಗಳಲ್ಲಿ ಒಂದು ಊಟಕ್ಕೆ ಎರಡು ಟೇಬಲ್ ಕ್ರೆಡಿಟ್ ಹೋಗುತ್ತದೆ. ಕ್ಯಾಲಿಫೋರ್ನಿಯಾ ಗ್ರಿಲ್, ಲೆ ಸೆಲಿಯೆ ಈ ಜಾತಿಯವು. ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಕೋಟೆಯೊಳಗಿನ ಸಿಂಡರೆಲ್ಲಾಸ್ ರಾಯಲ್ ಟೇಬಲ್ಲಿಗೂ ಎರಡೇ. ಲೆ ಸೆಲಿಯೆ ಹೆಸರಾದದ್ದೇ ದನದ ಮಾಂಸದ ಸ್ಟೀಕಿಗೆ. ಸೊಪ್ಪುಸದೆ ತಿನ್ನುವವರು ಅಲ್ಲಿ ಎರಡು ಕ್ರೆಡಿಟ್ ಸುಡುವುದರಲ್ಲಿ ಅರ್ಥವೇ ಇಲ್ಲ.

ಇನ್ನೊಂದು, ಬಡಿಸುವವರಿಗೆ ಕೊಡುವ ಟಿಪ್ಸ್. ಡಿನ್ನರ್ ಶೋಗಳಂಥ ಕೆಲವು ಕಡೆ ಬಿಟ್ಟರೆ ಅದು ಪ್ಲಾನಿನಲ್ಲಿ ಸೇರಿಲ್ಲ. ಅಲ್ಲಿ 18ರಿಂದ 20 ಶೇಕಡಾ ಕೊಡುವುದು ರೂಢಿ, ಆರು ಜನ ಅಥವಾ ಹೆಚ್ಚು ಇದ್ದರೆ 18 ಶೇಕಡಾ ಬಿಲ್ಲಿಗೆ ತಾನಾಗಿ ಸೇರುತ್ತದೆ. ಊಟದ ಹಣ ಮೊದಲೇ ಕಟ್ಟಿದ್ದರೂ ಟಿಪ್ಸ್ ಲೆಕ್ಕ ಆಗುವುದು ಊಟದ ಪೂರ್ತಿ ಬೆಲೆಯ ಮೇಲೆ. ಭಾರತದ ಕಾರ್ಡಿನಲ್ಲಿ ವಿದೇಶದ ವಹಿವಾಟು ಆನ್ ಮಾಡಿರದಿದ್ದರೆ ಮೇಜಿನ ಮುಂದೆ ಮುಜುಗರ.

ಈಗ ಲೆಕ್ಕಕ್ಕೆ ಬರೋಣ. 2025ರ ದರದಲ್ಲಿ ದೊಡ್ಡವರಿಗೆ ಒಂದು ರಾತ್ರಿಗೆ ಕ್ವಿಕ್ ಸರ್ವಿಸ್ 60.47 ಡಾಲರ್, ದೊಡ್ಡ ಪ್ಲಾನ್ 98.59 ಡಾಲರ್. 3ರಿಂದ 9 ವರ್ಷದ ಮಕ್ಕಳಿಗೆ ಸುಮಾರು 25 ಮತ್ತು 30. ಡಿಸ್ನಿಯ ಕಣ್ಣಿಗೆ ಹತ್ತು ತುಂಬಿದವರೆಲ್ಲ ದೊಡ್ಡವರು. ಐದನೇ ಕ್ಲಾಸಿನ ಹುಡುಗ ಅಪ್ಪನಷ್ಟೇ ದುಡ್ಡು ಕಟ್ಟಬೇಕು.

ಕ್ವಿಕ್ ಸರ್ವಿಸ್ ತೆಗೆದುಕೊಂಡ ಸಸ್ಯಾಹಾರಿಯೊಬ್ಬರು ಕೌಂಟರಿನಲ್ಲಿ 14 ಡಾಲರಿನ ಒಂದು ಬೌಲ್, 5 ಡಾಲರಿನ ಪಾನೀಯ ಕೊಂಡರೆ ಎರಡು ಹೊತ್ತಿಗೆ 38. ತಿಂಡಿಗೆ ಏಳು ಹಿಡಿಯಿರಿ, ಮಾರಾಟ ತೆರಿಗೆ 6.5 ಶೇಕಡಾ ಹಾಕಿ; ಎಲ್ಲ ಸೇರಿ 48. ಮಗ್ಗಿನ ಬೆಲೆಯನ್ನು ಐದು ರಾತ್ರಿಗೆ ಹಂಚಿದರೆ ಇನ್ನೊಂದು ನಾಲ್ಕೈದು. ಆದರೂ 60 ಮುಟ್ಟಲಿಲ್ಲ. ಸೋಡಾ ಬದಲು ನೀರು ಕುಡಿಯುವವರಿಗೆ ಅಂತರ ಇನ್ನೂ ದೊಡ್ಡದು. ಮದ್ಯ ಮುಟ್ಟದ ದೊಡ್ಡವರೇ ಇರುವ ಗುಂಪಿಗೆ ಈ ಪ್ಲಾನ್ ಬೇಡ, ಇದರಲ್ಲಿ ಎರಡು ಮಾತಿಲ್ಲ.

ದೊಡ್ಡ ಪ್ಲಾನಿನ ಕಥೆ ಸ್ವಲ್ಪ ಬೇರೆ. ಮಿಕ್ಕಿ, ಡೊನಾಲ್ಡ್ ವೇಷಧಾರಿಗಳು ಮೇಜಿಗೆ ಬರುವ ಕ್ಯಾರೆಕ್ಟರ್ ಬಫೆಯಲ್ಲಿ ರಾತ್ರಿಯೂಟಕ್ಕೆ ದೊಡ್ಡವರಿಗೆ 60 ಡಾಲರಿಗಿಂತ ಮೇಲೆ, ಮಕ್ಕಳಿಗೆ 40ರ ಆಸುಪಾಸು. ಕ್ರೆಡಿಟ್ ಮಾತ್ರ ಒಂದೇ. ಮಗುವಿನ ಒಂದು ದಿನದ ಪ್ಲಾನ್ 30 ಡಾಲರ್, ಒಂದೇ ಊಟ 40 ಡಾಲರ್: ಇಲ್ಲಿ ಲಾಭ ಕಣ್ಣಿಗೆ ಕಾಣುತ್ತದೆ. ದೊಡ್ಡವರಿಗೆ ಬಫೆ, ಕೌಂಟರ್ ಊಟ, ತಿಂಡಿ, ಮಗ್, ತೆರಿಗೆ ಕೂಡಿಸಿದರೆ ಹೆಚ್ಚುಕಡಿಮೆ 100. ಕೊಟ್ಟದ್ದಕ್ಕೂ ತಿಂದದ್ದಕ್ಕೂ ಸರಿಹೋಯಿತು. ಬಫೆ ಬಿಟ್ಟು ಮೆನು ನೋಡಿ 24 ಡಾಲರಿನ ತರಕಾರಿ ಪಾಸ್ತಾ ತರಿಸಿದ ದಿನ, ಸಿಹಿ, ಜ್ಯೂಸು ಎಲ್ಲ ಸೇರಿದರೂ ದಿನದ ಒಟ್ಟು 75-80ರಲ್ಲಿ ನಿಲ್ಲುತ್ತದೆ. ತಲೆಗೆ 20 ಡಾಲರ್ ನಷ್ಟ.

ಗಂಡ, ಹೆಂಡತಿ, 12ರ ಮಗಳು, 7ರ ಮಗ ಇರುವ ಕುಟುಂಬಕ್ಕೆ ಐದು ರಾತ್ರಿಗೆ ಸುಮಾರು 1,630 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೂ 1.38 ಲಕ್ಷ. ದಿನಾ ಬಫೆ ಮಾಡಿದರೆ ಟಿಪ್ಸ್ ಮೇಲಿಂದ ಇನ್ನೂರು ಡಾಲರ್.

ಅಜ್ಜ ಅಜ್ಜಿ ಜೊತೆಗಿದ್ದರೆ ಲೆಕ್ಕ ಪೂರ್ತಿ ಕೆಡುತ್ತದೆ. ಒಂದು ಕೋಣೆಯ ಬುಕಿಂಗಿನಲ್ಲಿರುವ, ಮೂರು ತುಂಬಿದ ಪ್ರತಿಯೊಬ್ಬರೂ ಅದೇ ಪ್ಲಾನ್ ಕೊಳ್ಳಲೇಬೇಕು. ಸಕ್ಕರೆ ಕಾಯಿಲೆಯ ಅಜ್ಜ ಸಿಹಿ ಮುಟ್ಟುವುದಿಲ್ಲ, ಅಜ್ಜಿಗೆ ರಾತ್ರಿ ಒಂದು ಲೋಟ ಮಜ್ಜಿಗೆ ಸಾಕು. ಆದರೂ ತಲೆಗೆ 98.59. ದಾರಿ ಇದೆ: ಅವರಿಗೆ ಬೇರೆ ಬುಕಿಂಗ್ ಸಂಖ್ಯೆಯಲ್ಲಿ ಬೇರೆ ಕೋಣೆ, ಪ್ಲಾನ್ ಇಲ್ಲದೆ. ಹೇಗೂ ಸಾಮಾನ್ಯ ಕೋಣೆಗಳಾದರೆ ಆರು ಜನಕ್ಕೆ ಎರಡು ಬೇಕೇ ಬೇಕು, ಆ ಎರಡನ್ನೂ ಒಂದೇ ಪ್ಯಾಕೇಜಿನಲ್ಲಿ ಸೇರಿಸದಿದ್ದರೆ ಆಯಿತು. ಆದರೆ ಬಫೆಯಲ್ಲಿ ಅವರ ತಟ್ಟೆಗೆ ಕೈಯಿಂದ ಹಣ ಕೊಡಬೇಕು, ಮಕ್ಕಳ ತಟ್ಟೆಯಿಂದ ತಿನ್ನಿಸುವ ಹಾಗಿಲ್ಲ. ಮೂರು ತುಂಬದ ಕೂಸಿಗೆ ಮಾತ್ರ ಬಫೆ ಉಚಿತ.

2026ರ ಪ್ರವಾಸಗಳಿಗೆ ಡಿಸ್ನಿ ಒಂದು ಕೊಡುಗೆ ಘೋಷಿಸಿದೆ. ದೊಡ್ಡವರು ಪ್ಲಾನ್ ಕೊಂಡರೆ 3ರಿಂದ 9ರ ಮಕ್ಕಳ ಪ್ಲಾನ್ ಉಚಿತ. ಷರತ್ತು ಏನೆಂದರೆ ಪ್ಯಾಕೇಜ್ ರಿಯಾಯಿತಿ ಇಲ್ಲದ ಪೂರ್ತಿ ದರದ್ದಾಗಿರಬೇಕು. ಅದೇ ದಿನಗಳಿಗೆ ಕೋಣೆಯ ಬಾಡಿಗೆಯಲ್ಲಿ ಕಡಿತ ಸಿಗುತ್ತಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಮಗುವಿರುವ ಮನೆಗೆ ಬಾಡಿಗೆಯ ಕಡಿತವೇ ಹೆಚ್ಚಾಗಿ ಗೆಲ್ಲುತ್ತದೆ, ಮೂರು ಮಕ್ಕಳಿದ್ದರೆ ತಕ್ಕಡಿ ಈ ಕಡೆ ವಾಲಬಹುದು.

ಸಸ್ಯಾಹಾರದ ವಿಷಯದಲ್ಲಿ ಡಿಸ್ನಿಗೆ ಒಳ್ಳೆಯ ಅಂಕ ಕೊಡಬೇಕು. ಮೆನುವಿನಲ್ಲಿ ಹಸಿರು ಎಲೆಯ ಗುರುತಿದ್ದರೆ ಅದರಲ್ಲಿ ಮಾಂಸ ಮಾತ್ರವಲ್ಲ, ಮೊಟ್ಟೆ, ಹಾಲು, ಜೇನು ಸಹ ಇಲ್ಲ. ಎಲೆ ಇಲ್ಲದೆ ಬರೀ ವೆಜಿಟೇರಿಯನ್ ಎಂದಿದ್ದರೆ ಮೊಟ್ಟೆ ಇರಬಹುದು, ಕೇಳಿ. ಮಿಕ್ಕಿ ಆಕಾರದ ರೈಸ್ ಕ್ರಿಸ್ಪಿ ಸಿಹಿಯಲ್ಲಿ ಮಾರ್ಷ್‌ಮ್ಯಾಲೋ ಇದೆ, ಅಂದರೆ ಪ್ರಾಣಿಜನ್ಯ ಜೆಲಾಟಿನ್. ಮಕ್ಕಳು ಮೊದಲು ಕೈ ಹಾಕುವುದೇ ಅದಕ್ಕೆ. ಅನಾನಸಿನ ಡೋಲ್ ವಿಪ್‌ಗೆ ಆ ಭಯವಿಲ್ಲ.

ಒಂದು ಟೇಬಲ್ ಕ್ರೆಡಿಟ್ಟಿಗೆ ಸಸ್ಯಾಹಾರಿಗಳ ಹೊಟ್ಟೆ ತುಂಬುವುದು ಡಿಸ್ನಿಯದೇ ಹೋಟೆಲಾದ ಆನಿಮಲ್ ಕಿಂಗ್‌ಡಮ್ ಲಾಡ್ಜಿನ ಬೋಮಾ ಬಫೆಯಲ್ಲಿ. ಬಗೆಬಗೆ ಸೂಪು, ಕಾಳಿನ ಪಲ್ಯ, ಮಸಾಲೆಯ ವಾಸನೆ. ಪಾಶ್ಚಾತ್ಯ ಸಪ್ಪೆಯಿಂದ ನಾಲಗೆಗೆ ಬಿಡುಗಡೆ. ಅಲ್ಲಿನ ಹೆಸರುವಾಸಿ ಸಿಹಿ ಜೀಬ್ರಾ ಡೋಮಿನಲ್ಲಿ ಅಮರೂಲಾ ಎಂಬ ಮದ್ಯ ಸೇರುತ್ತದೆ ಎಂದು ಹಿರಿಯರಿಗೆ ಮೊದಲೇ ಹೇಳಿಬಿಡಿ. ಅದೇ ಲಾಡ್ಜಿನ ಇನ್ನೊಂದು ಕಟ್ಟಡದಲ್ಲಿ ಸನಾ ಇದೆ, ಕಿಟಕಿಯಾಚೆ ಜಿರಾಫೆ ಮೇಯುತ್ತಿರುತ್ತವೆ. ನಾನ್, ಕುಲ್ಚಾಗಳ ಜೊತೆ ಒಂಬತ್ತು ಬಗೆ ಚಟ್ನಿ, ಉಪ್ಪಿನಕಾಯಿ ಬರುವ ಬ್ರೆಡ್ ಸರ್ವಿಸ್ ಅಲ್ಲಿನ ಹೆಗ್ಗಳಿಕೆ. ಅದು ಸ್ಟಾರ್ಟರ್ ಪಟ್ಟಿಯಲ್ಲಿ ಇರುವುದರಿಂದ ಪ್ಲಾನಿಗೆ ಒಳಪಡದು. ಎಪ್‌ಕಾಟ್ ಪಾರ್ಕಿನ ಗಾರ್ಡನ್ ಗ್ರಿಲ್ಲಿನಲ್ಲಿ ಮೊದಲೇ ತಿಳಿಸಿದರೆ ಸಸ್ಯಾಹಾರದ ಪ್ರತ್ಯೇಕ ಬಡಿಸುವಿಕೆ ಇದೆ. ಕೌಂಟರ್ ಊಟಕ್ಕೆ ಆನಿಮಲ್ ಕಿಂಗ್‌ಡಮ್ ಪಾರ್ಕಿನ ಸಟುಲಿ ಕ್ಯಾಂಟೀನಿನ ತೋಫು ಬೌಲ್ ಪರವಾಗಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರಿಗೆ ಮಾತ್ರ ಬಫೆಯಲ್ಲಿ ಹಣ್ಣು, ಬ್ರೆಡ್ಡು, ಸಲಾಡಿನಾಚೆ ಹೆಚ್ಚೇನೂ ದಕ್ಕದು. ಅಂಥವರು ಪ್ಲಾನ್ ತೆಗೆದುಕೊಳ್ಳುವುದು ದಂಡ.

ದಿನದ ತಿಂಡಿ ಕ್ರೆಡಿಟನ್ನು ನೀರಿನ ಬಾಟಲಿಗೆ ಕೊಡುವವರಿದ್ದಾರೆ. ಸೋಡಾ ಸುರಿಯುವ ಯಂತ್ರವಿರುವ ಕೌಂಟರಿನಲ್ಲಿ ಐಸ್ ಹಾಕಿದ ನೀರು ಕೇಳಿದರೆ ಪುಕ್ಕಟೆ. ತಿಂಡಿ ಕ್ರೆಡಿಟ್ ಚೆನ್ನಾಗಿ ಓಡುವುದು ಎಪ್‌ಕಾಟಿನ ಉತ್ಸವದ ಮಳಿಗೆಗಳಲ್ಲಿ. ಏಳೆಂಟು ಡಾಲರಿನ ಸಣ್ಣ ತಟ್ಟೆಗಳಲ್ಲಿ ಅನೇಕಕ್ಕೆ ಅದು ಸಲ್ಲುತ್ತದೆ. ನಮ್ಮ ಬೇಸಿಗೆ ರಜೆಗೆ ಹೂವಿನ ಉತ್ಸವ, ದಸರಾ ರಜೆಗೆ ಫುಡ್ ಆ್ಯಂಡ್ ವೈನ್ ಉತ್ಸವ ನಡೆಯುತ್ತಿರುತ್ತದೆ. ಕೊನೆಯ ದಿನಕ್ಕೆ ಉಳಿದರೆ ಪ್ಯಾಕ್ ಮಾಡಿದ ಮಿಠಾಯಿ, ಬಿಸ್ಕತ್ತು ಕೊಂಡುಬಿಡಿ.

ಪ್ಲಾನ್ ಬೇಡವೆಂದರೆ ಉಪವಾಸವೇನೂ ಇಲ್ಲ. ಪಾರ್ಕಿನೊಳಗೆ ಹೊರಗಿನ ತಿಂಡಿ ಒಯ್ಯಲು ಬಿಡುತ್ತಾರೆ. ಗಾಜಿನ ಪಾತ್ರೆ, ಮದ್ಯ, ಬಿಡಿ ಐಸ್ ಮಾತ್ರ ಬೇಡ. ಮಗಳ ಮನೆಯಿಂದ ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಹೋಗಬಹುದು. ಆದರೆ ಊರಿನಿಂದಲೇ ಕುಚ್ಚಲಕ್ಕಿ ಹೊತ್ತೊಯ್ಯುವ ಯೋಚನೆ ಬಿಡಿ: ಖಾಪ್ರಾ ಹುಳದ ಭಯಕ್ಕೆ ಭಾರತದಿಂದ ಪ್ರಯಾಣಿಕರು ಅಕ್ಕಿ, ಕಡಲೆಕಾಳು ತರುವುದನ್ನು ಅಮೆರಿಕ ನಿಷೇಧಿಸಿದೆ. ಹಸಿ ಕರಿಬೇವಿನ ಸೊಪ್ಪಿಗೂ ಪ್ರವೇಶವಿಲ್ಲ. ಉಪ್ಪಿನಕಾಯಿ, ಚಟ್ನಿಪುಡಿಯನ್ನು ಕಸ್ಟಮ್ಸ್‌ನಲ್ಲಿ ತೋರಿಸಿ ಒಯ್ಯಿರಿ.

ಟೇಬಲ್ ಊಟಕ್ಕೆ ಮೇಜು ಕಾದಿರಿಸುವುದು ಪ್ಲಾನಿಗಿಂತ ಮುಖ್ಯ. ಪ್ಲಾನ್ ಕೊಂಡ ಮಾತ್ರಕ್ಕೆ ಮೇಜು ಸಿಗುವುದಿಲ್ಲ. ಡಿಸ್ನಿ ಹೋಟೆಲಿನವರಿಗೆ ಕೋಣೆ ಸೇರುವ 60 ದಿನ ಮೊದಲು, ಫ್ಲಾರಿಡಾದ ಬೆಳಗಿನ 6ಕ್ಕೆ ಕಿಂಡಿ ತೆರೆಯುತ್ತದೆ, ಉಳಿಯುವ ಎಲ್ಲ ದಿನಗಳಿಗೂ (ಹತ್ತು ದಿನದವರೆಗೆ) ಒಟ್ಟಿಗೆ. ನಮ್ಮ ಗಡಿಯಾರದಲ್ಲಿ ಅದು ಅವರ ಬೇಸಿಗೆ ಸಮಯದಲ್ಲಿ ಮಧ್ಯಾಹ್ನ 3.30, ಚಳಿಗಾಲದಲ್ಲಿ 4.30. ಮೊದಲ ಎರಡು ದಿನ ರಾತ್ರಿ ಎಂಟರ ಮೇಜು ಹಿಡಿಯಬೇಡಿ. ಮಂಗಳೂರಿನಿಂದ ನೇರ ಬಂದ ದೇಹಕ್ಕೆ ಅದು ಬೆಳಗಿನ ಜಾವ ಐದೂವರೆ, ಮಕ್ಕಳು ತಟ್ಟೆಯ ಮುಂದೆಯೇ ನಿದ್ದೆ ಹೋಗುತ್ತಾರೆ. ಆ ದಿನಗಳಲ್ಲಿ ಬೆಳಗಿನ ಬಫೆಯೇ ಸರಿ. ಹೋಗಲಾಗದಿದ್ದರೆ ಎರಡು ಗಂಟೆ ಮೊದಲು ರದ್ದು ಮಾಡಿ, ಇಲ್ಲದಿದ್ದರೆ ತಲೆಗೆ 10 ಡಾಲರ್ ದಂಡ.

ಪ್ಲಾನನ್ನು ಪ್ಯಾಕೇಜಿಗೆ ಆಮೇಲೂ ಸೇರಿಸಬಹುದು, ಪೂರ್ತಿ ಹಣ ಕಟ್ಟಬೇಕಾದದ್ದು 30 ದಿನ ಮೊದಲು. ಆದ್ದರಿಂದ ಕೋಣೆ, ಟಿಕೆಟ್ ಮಾತ್ರ ಬುಕ್ ಮಾಡಿ, 60ನೇ ದಿನ ಮೇಜು ಹಿಡಿಯಿರಿ. ಐದು ರಾತ್ರಿಗೆ ನಾಲ್ಕಾದರೂ ಬಫೆ ಸಿಕ್ಕಿ, ಮನೆಯಲ್ಲಿ ಹತ್ತರೊಳಗಿನ ಮಕ್ಕಳಿದ್ದರೆ ಆಗ ದೊಡ್ಡ ಪ್ಲಾನ್ ಸೇರಿಸಿ. ಎರಡೋ ಮೂರೋ ಸಿಕ್ಕಿದ್ದರೆ ಆ ಊಟಗಳಿಗೆ ಅಲ್ಲೇ ಕಾರ್ಡು ಕೊಟ್ಟುಬಿಡಿ.