ಡೌಲಾಗೆ ದುಡ್ಡು ಕೊಡುವ ಮುಂಚೆ ನನ್ನ ಕಥೆ ಕೇಳಿ

ಬಸುರಿನ 38ನೇ ವಾರ. ರಾತ್ರಿ ಹನ್ನೊಂದೂವರೆಗೆ ನೀರು ಒಡೆಯಿತು. ನಾನು ಮೊದಲು ಫೋನ್ ಮಾಡಿದ್ದು ಆಸ್ಪತ್ರೆಗಲ್ಲ, ಡೌಲಾಗೆ, ಅಂದರೆ ಹೆರಿಗೆಯಲ್ಲಿ ಜೊತೆಗಿರಲು ದುಡ್ಡು ಕೊಟ್ಟು ಗೊತ್ತು ಮಾಡಿಕೊಂಡಿದ್ದವರಿಗೆ. ಎಡವಿದ್ದು ಅಲ್ಲೇ.

"ಗಾಬರಿ ಬೇಡ. ಈಗಲೇ ಹೋದರೆ ಸಿಸೇರಿಯನ್ ಮಾಡಿಬಿಡ್ತಾರೆ. ನೋವು ಜೋರಾಗೋ ತನಕ ಮನೆಯಲ್ಲೇ ಇರಿ" ಅಂದರು. ನೀರು ಯಾವ ಬಣ್ಣ ಇದೆ, ಮಗು ಅಲುಗಾಡ್ತಿದೆಯಾ, ಒಂದೂ ಕೇಳಲಿಲ್ಲ. ನನಗೂ ಆಪರೇಷನ್ ಅಂದರೆ ಭಯ. ಬೇಕಾದ ಮಾತೇ ಕಿವಿಗೆ ಬಿತ್ತು, ಸುಮ್ಮನೆ ಮಲಗಿದೆ. ಬೆಳಗಿನ ಜಾವ ಐದಕ್ಕೆ ಪ್ಯಾಡ್ ಹಸಿರಾಗಿತ್ತು. ಅತ್ತೆ ಅದನ್ನು ನೋಡಿದವರೇ ಕಾರಿನ ಕೀ ಹುಡುಕಿದರು. ಮಗು ಹೊಟ್ಟೆಯೊಳಗೇ ಮಲ ಮಾಡಿತ್ತು. ಏಳೂವರೆಗೆ ಆಪರೇಷನ್. ಮಗಳು ನಾಲ್ಕು ದಿನ ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ.

ಈಗ ಅವಳಿಗೆ ಏಳು ತಿಂಗಳು. ಚೆನ್ನಾಗಿದ್ದಾಳೆ, ರಾಗಿ ಸರಿಯನ್ನು ನನ್ನ ಮೈಮೇಲೆ ಉಗುಳುವಷ್ಟು ಚೆನ್ನಾಗಿದ್ದಾಳೆ. ಬೇಗ ಹೋಗಿದ್ದರೆ ಆಪರೇಷನ್ ತಪ್ಪುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಅಷ್ಟು ಹೊತ್ತು ಮಗುವಿನ ಎದೆಬಡಿತ ಯಾರೂ ನೋಡಲಿಲ್ಲ. ನೀರು ಒಡೆದರೆ ಮೊದಲ ಫೋನ್ ಆಸ್ಪತ್ರೆಗೆ. ಹಸಿರು ಕಂಡರೆ ಫೋನೂ ಬೇಡ, ಹೊರಡಿ.

ಡೌಲಾ ಅಂದರೆ ಸೂಲಗಿತ್ತಿ ಅಂದುಕೊಂಡವರು ನಮ್ಮ ಮನೆಯಲ್ಲೇ ಇದ್ದರು. ಅಲ್ಲ. ಪಾವಗಡದ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತಲ್ಲ, ಅವರು ಸೂಲಗಿತ್ತಿ. ಸಾವಿರಾರು ಹೆರಿಗೆ ಸ್ವಂತ ಕೈಯಿಂದ ಮಾಡಿಸಿದವರು. ಡೌಲಾ ಹೆರಿಗೆ ಮಾಡಿಸುವವರಲ್ಲ. ಒಳಗೆ ಪರೀಕ್ಷೆ ಮಾಡುವುದು, ಮಾತ್ರೆ ಬಿಡಿ ಅನ್ನುವುದು, ಆಸ್ಪತ್ರೆಗೆ ಯಾವಾಗ ಹೋಗಬೇಕು ಅಂತ ತೀರ್ಮಾನ ಮಾಡುವುದು, ಇದ್ಯಾವುದೂ ಅವರ ಕೆಲಸವಲ್ಲ. ಬಸುರಿಯ ಭಯ ಕೇಳಿಸಿಕೊಳ್ಳುವುದು, ನೋವಿನಲ್ಲಿ ಸೊಂಟ ಒತ್ತುವುದು, ಮಗ್ಗಲು ಬದಲಿಸಲು ಹೇಳಿಕೊಡುವುದು, ಬಾಣಂತಿಯ ಪಕ್ಕ ಕೂತು ಮಗುವನ್ನು ಎದೆಗೆ ಸರಿಯಾಗಿ ಹಿಡಿಸುವುದು. ಇಷ್ಟೇ, ಮತ್ತೆ ಇದೇನು ಸಣ್ಣ ಕೆಲಸವೂ ಅಲ್ಲ.

ಮೊದಲ ದಿನ ನನ್ನ ಡೌಲಾ ನನಗೆ 2017ರ ಕಾಕ್ರೇನ್ ವರದಿ ತೋರಿಸಿದ್ದರು. ಕಾಕ್ರೇನ್ ಅಂದರೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಸಂಸ್ಥೆ. 26 ಅಧ್ಯಯನ, 15,000ಕ್ಕೂ ಜಾಸ್ತಿ ಹೆಂಗಸರು. ಹೆರಿಗೆಯ ಹೊತ್ತಲ್ಲಿ ಒಬ್ಬರು ಬಿಡದೆ ಜೊತೆಗಿದ್ದರೆ ಸಿಸೇರಿಯನ್ ಸ್ವಲ್ಪ ಕಡಿಮೆ, ನೋವಿನ ಹೊತ್ತೂ ಕಡಿಮೆ ಅಂತ ಅದರಲ್ಲಿದೆ. ನಿಜವೇ. ಆದರೆ ಆ ಲೆಕ್ಕ ಪಕ್ಕದಲ್ಲಿ ಇದ್ದವರದ್ದು, ವಾಟ್ಸಾಪಿನಲ್ಲಿ ಇದ್ದವರದ್ದಲ್ಲ. ಆ ರಾತ್ರಿ ಅವರು ಇನ್ನೊಬ್ಬರ ಹೆರಿಗೆಯಲ್ಲಿದ್ದರು ಅಂತ ಆಮೇಲೆ ಗೊತ್ತಾಯಿತು. ಬದಲಿಗೆ ಬರಬೇಕಿದ್ದ ಡೌಲಾ ಯಾರು ಅಂತ ನಾವು ಕೇಳಿರಲೇ ಇಲ್ಲ.

ಬಂದಿದ್ದರೂ ಗಂಡನ ಜೊತೆ ಅವರನ್ನೂ ಒಳಗೆ ಬಿಡುತ್ತಿರಲಿಲ್ಲ ಅನ್ನುವುದು ಇನ್ನೊಂದು ತಮಾಷೆ. "ಆ ಆಸ್ಪತ್ರೆಯಲ್ಲಿ ಎಲ್ಲರೂ ನನಗೆ ಗೊತ್ತು" ಅಂದಿದ್ದರು. ಲೇಬರ್ ವಾರ್ಡಿಗೆ ಒಬ್ಬರಿಗೇ ಪ್ರವೇಶ, ಗಂಡ ಅಥವಾ ಡೌಲಾ ಅಂತ ಅಲ್ಲಿನ ನಿಯಮ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಗೆ ಜೊತೆಗಾತಿ ಇರಬಹುದು ಅಂತ ಕೇಂದ್ರ 2016ರಲ್ಲೇ ಹೇಳಿದೆ, ಆದರೆ ಅಲ್ಲಿ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಮನೆಯ ಹೆಂಗಸು. ಖಾಸಗಿಯಲ್ಲಿ ಅವರವರದ್ದೇ ಕಾನೂನು. ಡೌಲಾ ಮಾತು ನಂಬಿ ಕೂರಬೇಡಿ, ನಿಮ್ಮ ಡಾಕ್ಟರನ್ನೇ ಕೇಳಿ, ಫೈಲಿನಲ್ಲಿ ಬರೆಸಿಕೊಳ್ಳಿ.

ಬಾಣಂತನದಲ್ಲಿ ಆರು ಸಲ ಮನೆಗೆ ಬರುವುದು ಅಂತ ಮಾತಾಗಿತ್ತು. ಬಂದಿದ್ದು ಎರಡು ಸಲ. ಹತ್ತನೇ ದಿನ ನನಗೆ ತಲೆ ಸಿಡಿಯುವ ನೋವು, ಕಣ್ಣು ಮಂಜು. ಮೆಸೇಜ್ ಹಾಕಿದರೆ "ನಿದ್ದೆ ಸಾಲದು, ಹರಳೆಣ್ಣೆ ಇಡಿ" ಅಂತ ಉತ್ತರ. ಈ ಸಲ ಬುದ್ಧಿ ಬಂದಿತ್ತು. ಅಮ್ಮ ಬಿಪಿ ಮೆಷಿನ್ ತಂದರು, 160/100. ಹೆರಿಗೆಯಾದ ಮೇಲೂ ಆರು ವಾರದ ತನಕ ಬಿಪಿ ಹೀಗೆ ಏರಬಹುದು, ಫಿಟ್ಸ್ ಬರಬಹುದು ಅಂತ ಡಾಕ್ಟರ್ ಬೈದೇ ಹೇಳಿದರು. ತಲೆಗೆ ಎಣ್ಣೆ ಆಮೇಲೂ ಹಚ್ಚಬಹುದು ಅಲ್ವಾ?

ನಮ್ಮಲ್ಲಿ ಡೌಲಾ ಕೆಲಸಕ್ಕೆ ಸರ್ಕಾರದ ಲೈಸೆನ್ಸ್ ಇಲ್ಲ. ಕೆಲವರು ಶ್ರದ್ಧೆಯಿಂದ ಕಲಿತು ಬಂದಿರುತ್ತಾರೆ. ನನ್ನ ನಾದಿನಿಗೆ ಮೈಸೂರಿನಲ್ಲಿ ಸಿಕ್ಕವರು ಹಾಗೇ ಇದ್ದರು, "ಇದು ನನಗೆ ಗೊತ್ತಿಲ್ಲ, ಡಾಕ್ಟರ್ ಕೇಳಿ" ಅಂತ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದರಂತೆ. ನನ್ನವರ ಬಾಯಲ್ಲಿ ಆ ಮಾತು ಒಂದು ಸಲವೂ ಬರಲಿಲ್ಲ.

35,000 ರೂಪಾಯಿ ಪೂರ್ತಿ ಮುಂಗಡ ಕೊಟ್ಟಿದ್ದೆ. ಕಂತಿನಲ್ಲಿ ಕೊಡಿ, ಒಂದು ಪಾಲನ್ನು ಬಾಣಂತನ ಮುಗಿಯುವ ತನಕ ಕೈಯಲ್ಲಿ ಇಟ್ಟುಕೊಳ್ಳಿ. ವಾಪಸ್ ಕೇಳಿದಾಗ ಅವರು ಒಪ್ಪಂದದ ಕೊನೆ ಪುಟ ತೋರಿಸಿದರು. ಫೋನಿನಲ್ಲಿ ಮಾತಾಡಿದರೂ ಜೊತೆಗಿದ್ದಂತೆಯೇ ಅಂತ ಬರೆದಿತ್ತು. ಎರಡು ತಿಂಗಳು ಜಗ್ಗಾಡಿದ ಮೇಲೆ 8,000 ಬಂತು. ಅದರ ಹಿಂದೆಯೇ ಒಂದು ಮೆಸೇಜ್: ಗೂಗಲ್‌ನಲ್ಲಿ ಐದು ಸ್ಟಾರ್ ಕೊಡ್ತೀರಾ, ಪ್ಲೀಸ್?